ರ‍್ಯಾಂಕ್ಡ್, ಏಮ್ ಟ್ರೇನರ್, ಸ್ಕ್ರಿಮ್, ಖಾಲಿ ಮ್ಯಾಪ್: ಕಲಬುರಗಿಯ ವ್ಯಾಲೊರಂಟ್ ತಂಡಕ್ಕೆ ಯಾವುದು ಸರಿ?

ವ್ಯಾಲೊರಂಟ್ ಅಂದರೆ ಕಂಪ್ಯೂಟರ್‌ನಲ್ಲಿ ಐವರ ಎದುರು ಐವರು ಆಡುವ ಗುಂಡಿನ ಆಟ. ಒಂದು ಕಡೆಯವರು (ಅಟ್ಯಾಕ್) ಸೈಟ್ ಅನ್ನುವ ಜಾಗಕ್ಕೆ ನುಗ್ಗಿ ಸ್ಪೈಕ್ ಅನ್ನುವ ಬಾಂಬ್ ನೆಡಬೇಕು, ಇನ್ನೊಂದು ಕಡೆಯವರು (ಡಿಫೆನ್ಸ್) ತಡೆಯಬೇಕು. ಮೊದಲೇ ಹೇಳಿಬಿಡುತ್ತೇನೆ. ಐದೂ ಜನ ಒಟ್ಟಿಗೆ ಸಿಗುವ ಸಮಯ ಕಡಿಮೆ ಇದ್ದರೆ ಅದನ್ನು ರ‍್ಯಾಂಕ್ಡ್ ಆಟಕ್ಕೆ, ಅಂದರೆ ಅಪರಿಚಿತರ ಎದುರು ಪಾಯಿಂಟ್‌ಗಾಗಿ ಆಡುವ ಪಂದ್ಯಕ್ಕೆ, ಹಾಕಬೇಡಿ. ಖಾಲಿ ಮ್ಯಾಪ್‌ನಲ್ಲಿ, ಅಂದರೆ ಎದುರಾಳಿ ಇಲ್ಲದ ಆಟದ ಮೈದಾನದಲ್ಲಿ, ತಾಲೀಮು ಮಾಡಿ. ಆಮೇಲೆ ಸ್ಕ್ರಿಮ್ (ಅಭ್ಯಾಸ ಪಂದ್ಯ) ಆಡಿ, ಅದರ ರೆಕಾರ್ಡಿಂಗ್ ನೋಡಿ. ಏಮ್ ಟ್ರೇನರ್ (ಗುರಿ ಹೊಡೆಯುವ ಅಭ್ಯಾಸದ ಸಾಫ್ಟ್‌ವೇರ್) ಅವರವರ ಮನೆಯಲ್ಲಿ ಅವರವರೇ ಮಾಡಿಕೊಳ್ಳಲಿ.

ನಮ್ಮ ತಂಡದಲ್ಲಿ ಮೂವರು ಇಂಜಿನಿಯರಿಂಗ್ ಹುಡುಗರು, ಒಬ್ಬ ಪಿಯು ಓದುವವನು, ಇನ್ನೊಬ್ಬ ಸೂಪರ್ ಮಾರ್ಕೆಟ್ ಪ್ರದೇಶದಲ್ಲಿ ಅಪ್ಪನ ಅಂಗಡಿ ನೋಡಿಕೊಳ್ಳುವವನು. ನಾನು ಆಡುವುದಿಲ್ಲ, ಹಿಂದೆ ನಿಂತು ನೋಡುತ್ತೇನೆ, ಆಡಿಸುತ್ತೇನೆ. ಇಂಟರ್ನಲ್ಸ್, ಅಂಗಡಿ, ಕರೆಂಟು ಎಲ್ಲ ಕಳೆದು ಐವರೂ ಸಿಗೋದು ವಾರದಲ್ಲಿ ಕೆಲವೇ ಸಂಜೆ. ವೃತ್ತಿಪರ ತಂಡಗಳು ಬೂಟ್‌ಕ್ಯಾಂಪ್ ಅಂತ ಒಂದೇ ಮನೆಯಲ್ಲಿದ್ದು ದಿನವಿಡೀ ಆಡುತ್ತವೆ. ಆ ಟೈಮ್ ಟೇಬಲ್ ನಮಗೆ ಆಗಿಬರಲ್ಲ. ಹಾಗಾಗಿ ಒಂದೊಂದು ದಾರಿಯನ್ನೂ ಸಾಕಷ್ಟು ದಿನ ಬೇರೆ ಬೇರೆಯಾಗಿ ಹಿಡಿದು ನೋಡಿದೆವು.

ರ‍್ಯಾಂಕ್ಡ್‌ನಿಂದ ಶುರು ಮಾಡುತ್ತೇನೆ, ಯಾಕಂದ್ರೆ ಎಲ್ಲ ಹುಡುಗರೂ ಅಲ್ಲಿಂದಲೇ ಶುರು ಮಾಡುತ್ತಾರೆ. ಐವರೂ ಸೇರಿ ಕ್ಯೂ ಹಾಕಿದರೆ (ಪಂದ್ಯಕ್ಕಾಗಿ ಸರತಿಗೆ ನಿಂತರೆ) ತಂಡದ ಅಭ್ಯಾಸ ಆಯ್ತು ಅಂದುಕೊಳ್ಳುತ್ತಾರೆ. ನಾನು ನೋಡಿದ ಹಾಗೆ ಅಲ್ಲಿ ಆಗುವುದು ಒಬ್ಬೊಬ್ಬರ ಅಭ್ಯಾಸ. ಎದುರಿಗೆ ಬರುವವರು ಒಂದು ಮ್ಯಾಚ್‌ನಲ್ಲಿ ಹುಚ್ಚು ಹಿಡಿದವರ ಹಾಗೆ ನುಗ್ಗುತ್ತಾರೆ, ಮುಂದಿನದರಲ್ಲಿ ಮೂಲೆ ಹಿಡಿದು ಕೂರುತ್ತಾರೆ. ನಮ್ಮ ಪ್ಲ್ಯಾನ್ ಸರಿ ಇತ್ತಾ, ಇಲ್ಲ ಅವರು ಎಡವಿದರಾ ಅಂತ ಗೊತ್ತೇ ಆಗಲ್ಲ. ಇನ್ನೊಂದು, ಪಾಯಿಂಟ್ ಹೋಗುತ್ತದೆ ಅನ್ನುವ ಭಯ. ಎರಡು ಮ್ಯಾಚ್ ಸೋತ ಮೇಲೆ ಮೊದಲು ನುಗ್ಗಬೇಕಾದ ಡ್ಯುಯೆಲಿಸ್ಟ್ ಹಿಂದೆ ಸರಿಯುತ್ತಾನೆ. ಎಲ್ಲರ ಕಣ್ಣೂ ತಮ್ಮ ತಮ್ಮ ಕಿಲ್ ಮೇಲೆ.

ನಮ್ಮೂರಿನವರಿಗೆ ಇದಕ್ಕಿಂತ ದೊಡ್ಡ ತೊಂದರೆ ಆಟದ ನಿಯಮದಲ್ಲೇ ಇದೆ. ರ‍್ಯಾಂಕ್ಡ್‌ನಲ್ಲಿ ಐದು ಜನದ ಪಾರ್ಟಿಗೆ ಅವಕಾಶ ಇದೆ, ನಾಲ್ಕು ಜನದ ಪಾರ್ಟಿಗೆ ಇಲ್ಲ. ಸೇಡಂ ರೋಡ್ ಕಡೆ ಒಬ್ಬನ ಮನೆಯಲ್ಲಿ ಕರೆಂಟ್ ಹೋಯಿತು ಅನ್ನಿ, ಉಳಿದ ನಾಲ್ವರೂ ಒಟ್ಟಿಗೆ ಕ್ಯೂ ಹಾಕಲು ಆಗಲ್ಲ. ಆ ಸಂಜೆಯ ರ‍್ಯಾಂಕ್ಡ್ ಅಲ್ಲಿಗೆ ಮುಗಿಯಿತು. ಖಾಲಿ ಮ್ಯಾಪ್ ಆದರೆ ನಾಲ್ವರಿದ್ದರೂ ಕೆಲಸ ನಡೆಯುತ್ತದೆ.

ಅಂಕಪಟ್ಟಿ ಇರುವ ಆಟವೇ ಬೇಕು ಅಂದರೆ ಅದೇ ಆಟದೊಳಗೆ ಪ್ರೀಮಿಯರ್ ಇದೆ, 2023ರಲ್ಲಿ ಬಂದದ್ದು. ತಂಡಕ್ಕೆ ಒಂದು ಹೆಸರು, ಐದರಿಂದ ಏಳು ಜನರ ಪಟ್ಟಿ, ವಾರಕ್ಕೆ ಗೊತ್ತುಮಾಡಿದ ಒಂದು ಮ್ಯಾಪ್. ಈ ವಾರ ಯಾವ ಮ್ಯಾಪ್ ಅಂತ ಮೊದಲೇ ಗೊತ್ತಿರುವುದರಿಂದ ತಯಾರಿಗೆ ಒಂದು ದಿಕ್ಕು ಸಿಗುತ್ತದೆ. ರ‍್ಯಾಂಕ್ಡ್ ಮತ್ತು ಪ್ರೀಮಿಯರ್ ನಡುವೆ ನನ್ನ ಮತ ಪ್ರೀಮಿಯರ್‌ಗೆ.

ಏಮ್ ಟ್ರೇನರ್ ಬಗ್ಗೆ ಜಾಸ್ತಿ ಹೇಳಲ್ಲ. ಏಮ್ ಲ್ಯಾಬ್ ಸ್ಟೀಮ್ ಅನ್ನುವ ಆನ್‌ಲೈನ್ ಆಟದ ಅಂಗಡಿಯಲ್ಲಿ ಉಚಿತ. ಕೊವಾಕ್ಸ್‌ಗೆ ದುಡ್ಡು ಕೊಡಬೇಕು. ಎರಡರಲ್ಲೂ ವ್ಯಾಲೊರಂಟ್‌ನ ಸೆನ್ಸಿಟಿವಿಟಿ (ಮೌಸ್‌ನ ವೇಗ) ಹಾಕಿಕೊಳ್ಳಬಹುದು. ನಮ್ಮ ಹಂತದ ತಂಡಕ್ಕೆ ಉಚಿತದ್ದೇ ಸಾಕು. ಆದರೆ ಏಮ್ ಲ್ಯಾಬ್‌ನ ಗ್ರಿಡ್‌ಶಾಟ್ ಅನ್ನುವ ಅಭ್ಯಾಸದಲ್ಲಿ ಅಂಕ ಏರಿದ ಕೂಡಲೇ ಆಟ ಸುಧಾರಿಸುತ್ತದೆ ಅನ್ನುವುದನ್ನು ನಾನು ಒಪ್ಪಲ್ಲ. ಅಲ್ಲಿ ಗುರಿ ಕಣ್ಣೆದುರೇ ಹುಟ್ಟುತ್ತದೆ. ವ್ಯಾಲೊರಂಟ್‌ನಲ್ಲಿ ಗುರಿ ಎಲ್ಲಿ ಕಾಣಿಸಬಹುದೋ ಅಲ್ಲಿ ತಲೆಯ ಎತ್ತರಕ್ಕೆ ಕ್ರಾಸ್‌ಹೇರ್ (ಗುರಿಯಿಡುವ ಗುರುತು) ಮೊದಲೇ ಇಟ್ಟಿರಬೇಕು. ಗುಂಡು ಹೊಡೆಯುವ ಕ್ಷಣಕ್ಕೆ ಕಾಲು ನಿಂತಿರಬೇಕು, ಓಡುತ್ತ ಹೊಡೆದರೆ ಗುಂಡು ಚೆಲ್ಲಾಪಿಲ್ಲಿ. ದೊಡ್ಡ ಶೀಲ್ಡ್ (ರಕ್ಷಾಕವಚ) ಹಾಕಿದವನಿಗೆ ಒಟ್ಟು 150 ಜೀವ. ವ್ಯಾಂಡಲ್ ಅನ್ನುವ ಬಂದೂಕಿನ ಗುಂಡು ತಲೆಗೆ ಎಷ್ಟೇ ದೂರದಿಂದ ಬಿದ್ದರೂ 160. ಮೊದಲ ಗುಂಡು ಸರಿ ಬಿದ್ದರೆ ಮಾತು ಮುಗಿಯಿತು. ಈ ಎರಡು ಅಭ್ಯಾಸ ಬರುವುದು ಡೆತ್‌ಮ್ಯಾಚ್‌ನಲ್ಲಿ, ಅಂದರೆ ಪ್ರತಿಯೊಬ್ಬನೂ ಉಳಿದೆಲ್ಲರ ವಿರುದ್ಧ ಆಡುವ ಆಟದಲ್ಲಿ. ಅದರಲ್ಲೂ 40 ಕಿಲ್ ಮೊದಲು ಮುಟ್ಟಬೇಕು ಅನ್ನುವ ಹಟ ಬಿಟ್ಟು, ಮೂಲೆ ಮೂಲೆಗೂ ನಿಧಾನವಾಗಿ ಕ್ರಾಸ್‌ಹೇರ್ ಇಟ್ಟು ಆಡಿದರೆ. ಕ್ಲಾಸಿಗೆ ಹೋಗುವ ಮೊದಲು ಇಪ್ಪತ್ತು ನಿಮಿಷ ಸಾಕು. ಐವರೂ ಸೇರಿರುವ ಹೊತ್ತನ್ನು ಇದಕ್ಕೆ ಕೊಡುವುದು ಶುದ್ಧ ನಷ್ಟ.

ಸ್ಕ್ರಿಮ್ ಅಂದರೆ ಇನ್ನೊಂದು ತಂಡದ ಜೊತೆ ಮಾತಾಡಿಕೊಂಡು ಕಸ್ಟಮ್ ಲಾಬಿಯಲ್ಲಿ (ನಾವೇ ತೆರೆಯುವ ಖಾಸಗಿ ಆಟದಲ್ಲಿ) ಆಡುವ ಅಭ್ಯಾಸ ಪಂದ್ಯ. ಡಿಸ್ಕಾರ್ಡ್ ಅನ್ನುವ ಮಾತುಕತೆಯ ಆ್ಯಪ್‌ನಲ್ಲಿ ಹೈದರಾಬಾದ್, ಪುಣೆ, ಬೆಂಗಳೂರು ಕಡೆಯ ತಂಡಗಳು ಸಿಗುತ್ತವೆ. ಎಲ್ಲರಿಗೂ ಮುಂಬೈ ಸರ್ವರ್, ನಮಗೂ ಅದು ದೂರ ಅನ್ನಿಸಲ್ಲ. ಪಂದ್ಯದಲ್ಲಿ 13 ರೌಂಡ್ ಮೊದಲು ಗೆದ್ದವರದು ಆಟ. ಸ್ಕ್ರಿಮ್‌ನಲ್ಲಿ ಎಲ್ಲ ರೌಂಡ್ ಆಡುವ ಆಯ್ಕೆ ಹಾಕಿಕೊಂಡರೆ ಅಟ್ಯಾಕ್ 12, ಡಿಫೆನ್ಸ್ 12 ಪೂರ್ತಿ ಸಿಗುತ್ತದೆ. ಇದನ್ನು ತಪ್ಪದೆ ಹಾಕಿ.

ಸ್ಕ್ರಿಮ್ ಕೊಡುವುದನ್ನು ಬೇರೆ ಯಾವುದೂ ಕೊಡಲ್ಲ, ಇದು ನಿಜ. ಆಟದೊಳಗಿನ ದುಡ್ಡಿನ ಲೆಕ್ಕವನ್ನೇ ನೋಡಿ. ಮೊದಲ ರೌಂಡ್‌ಗೆ ಬಂದೂಕು, ಶೀಲ್ಡ್ ಕೊಳ್ಳಲು ತಲಾ 800 ಕ್ರೆಡಿಟ್. ಗೆದ್ದರೆ 3000, ಸೋತರೆ 1900, ಮತ್ತೆ ಸೋತರೆ 2400, ಆಮೇಲೆ 2900. ವ್ಯಾಂಡಲ್ 2900, ದೊಡ್ಡ ಶೀಲ್ಡ್ 1000. ಇಬ್ಬರು ಕೊಂಡು ಮೂವರು ಕೈ ಕಟ್ಟಿ ಕೂತರೆ ಆ ರೌಂಡೂ ಹೋಯಿತು, ಮುಂದಿನದೂ ಹೋಯಿತು. ಕೊಂಡರೆ ಐವರೂ ಕೊಳ್ಳಬೇಕು, ಉಳಿಸಿದರೆ ಐವರೂ ಉಳಿಸಬೇಕು. ರ‍್ಯಾಂಕ್ಡ್‌ನಲ್ಲಿ ಎದುರಿನವರೂ ಇದನ್ನು ಪಾಲಿಸಲ್ಲ, ಹಾಗಾಗಿ ತಪ್ಪಿಗೆ ಶಿಕ್ಷೆ ಸಿಗಲ್ಲ. ಒಳ್ಳೆ ತಂಡದೆದುರು ಸ್ಕ್ರಿಮ್ ಆಡಿದರೆ ಅಲ್ಲೇ ಸಿಗುತ್ತದೆ. ನಮ್ಮ ಹುಡುಗರು ಲೆಕ್ಕ ಕಲಿತದ್ದು ಹಾಗೆ.

ಕೊರತೆಯೂ ಇದೆ. ನಿಮಗಿಂತ ತುಂಬ ಮೇಲಿನ ತಂಡ ಸಿಕ್ಕರೆ ರೌಂಡ್ ಶುರುವಾಗಿ ಮೂವತ್ತು ಸೆಕೆಂಡಿಗೆ ಮುಗಿದಿರುತ್ತದೆ. ಏನು ನೋಡೋದು ಅದರಲ್ಲಿ? ಒಂದು ಮೆಟ್ಟಿಲು ಮೇಲಿನವರನ್ನು ಹುಡುಕಿ, ಅವರ ಜೊತೆಗೇ ಮತ್ತೆ ಮತ್ತೆ ಆಡಿ. ಕೊನೇ ಹೊತ್ತಿಗೆ ಬರಲ್ಲ ಅನ್ನುವವರೂ ಇದ್ದಾರೆ. ಅದಕ್ಕೇ ಸ್ಕ್ರಿಮ್ ಒಂದನ್ನೇ ನಂಬಿ ಸಂಜೆ ಇಟ್ಟುಕೊಳ್ಳಬಾರದು.

ಈಗ ಖಾಲಿ ಮ್ಯಾಪ್. ನನಗೆ ಅತಿ ಹೆಚ್ಚು ನಂಬಿಕೆ ಇರುವುದು ಇದರ ಮೇಲೆ, ಹುಡುಗರಿಗೆ ಶುರುವಿನಲ್ಲಿ ಅತಿ ಬೇಸರ ಇದ್ದದ್ದೂ ಇದರ ಮೇಲೆ. ಕಸ್ಟಮ್ ಗೇಮ್ ತೆಗೆದು ಅಭ್ಯಾಸಕ್ಕೆ ಆಟವೇ ಕೊಡುವ ಚೀಟ್ಸ್ ಆನ್ ಮಾಡಿದರೆ ಎಬಿಲಿಟಿ (ಪಾತ್ರಗಳ ವಿಶೇಷ ಶಕ್ತಿ) ಖರ್ಚಾಗಲ್ಲ, ಗೋಡೆಯೊಳಗೂ ಹಾರಿ ನೋಡಬಹುದು. ಎದುರಾಳಿ ಇಲ್ಲ. ಒಂದೇ ಕೆಲಸವನ್ನು ಸರಿಯಾಗುವವರೆಗೆ ಮತ್ತೆ ಮತ್ತೆ ಮಾಡುವುದು.

ಅಸೆಂಟ್ ಮ್ಯಾಪ್‌ನಲ್ಲಿ ಎ ಸೈಟ್‌ಗೆ ನುಗ್ಗುವುದನ್ನೇ ತೆಗೆದುಕೊಳ್ಳಿ. ಓಮನ್ ಅನ್ನುವ ಪಾತ್ರ ಮರೆಗಾಗಿ ಎರಡು ಸ್ಮೋಕ್ (ಹೊಗೆ) ಹಾಕುತ್ತಾನೆ, ಒಂದು ಹೆವನ್‌ಗೆ, ಇನ್ನೊಂದು ಟ್ರೀ ಕಡೆಗೆ (ಹೆವನ್, ಟ್ರೀ, ಮಿಡ್, ಎ ಮೇನ್ ಎಲ್ಲ ಮ್ಯಾಪ್‌ನ ಜಾಗಗಳ ಹೆಸರು). ಅವನ ಸ್ಮೋಕ್ ನಿಲ್ಲುವುದು 15 ಸೆಕೆಂಡ್. ಸ್ಪೈಕ್ ನೆಡಲು 4 ಸೆಕೆಂಡ್ ಬೇಕು. ಅಂದರೆ ಸ್ಮೋಕ್ ಬಿದ್ದ 11 ಸೆಕೆಂಡ್ ಒಳಗೆ ನೆಡುವವನು ಜಾಗದಲ್ಲಿ ಮಂಡಿಯೂರಿರಬೇಕು. ಸ್ಮೋಕ್ ಬಿದ್ದ ಮೇಲೆ ಮಿಡ್‌ನಿಂದ ಹೊರಟರೆ ಯಾವ ಲೆಕ್ಕಕ್ಕೂ ಆಗಲ್ಲ. ಅದು ಬೀಳುವ ಹೊತ್ತಿಗೆ ಐವರೂ ಎ ಮೇನ್ ಬಾಯಲ್ಲಿ ಇರಬೇಕು. ಸೋವಾ ಅನ್ನುವ ಪಾತ್ರದ, ಅಡಗಿದವರನ್ನು ತೋರಿಸುವ ರಿಕಾನ್ ಬಾಣ ಮೊದಲು, ಆಮೇಲೆ ಎದುರಾಳಿಯ ಕಣ್ಣು ಕೋರೈಸುವ ಫ್ಲ್ಯಾಶ್, ಫ್ಲ್ಯಾಶ್ ಸಿಡಿದ ಕೂಡಲೇ ಮೊದಲಿಗ ಒಳಗೆ, ಅವನ ಬೆನ್ನಿಗೇ ಎರಡನೆಯವನು. ಈ ಸರಣಿಯನ್ನು ಮೊಬೈಲ್‌ನಲ್ಲಿ ಸ್ಟಾಪ್‌ವಾಚ್ ಹಿಡಿದು ಮಾಡಿಸುತ್ತೇನೆ. ಬಾಯಲ್ಲಿ ಎಣಿಸದೆ ಮಾಡಲು ಬಂದರೆ ಮಾತ್ರ ಮುಂದಿನ ಸೈಟ್.

ರಿಟೇಕ್, ಅಂದರೆ ಎದುರಾಳಿ ಸ್ಪೈಕ್ ನೆಟ್ಟ ಸೈಟನ್ನು ಮರಳಿ ಹಿಡಿಯುವುದು, ಇನ್ನೂ ಮುಖ್ಯ. ಸ್ಪೈಕ್ ನೆಟ್ಟ 45 ಸೆಕೆಂಡಿಗೆ ಸಿಡಿಯುತ್ತದೆ. ಡಿಫ್ಯೂಸ್ (ನಿಷ್ಕ್ರಿಯ) ಮಾಡಲು 7 ಸೆಕೆಂಡ್. ಹಾಗಾದರೆ ನೆಟ್ಟು 38 ಸೆಕೆಂಡ್ ಆಗುವುದರೊಳಗೆ ಯಾರೋ ಒಬ್ಬ ಅದರ ಮೇಲೆ ಕೂತಿರಬೇಕು. ಅರ್ಧ, ಅಂದರೆ ಮೂರೂವರೆ ಸೆಕೆಂಡ್ ಡಿಫ್ಯೂಸ್ ಆಗಿದ್ದರೆ ಅಷ್ಟು ಉಳಿದುಕೊಳ್ಳುತ್ತದೆ, ಬಿಟ್ಟು ಎದ್ದು ಮತ್ತೆ ಕೂತರೆ ಅಲ್ಲಿಂದಲೇ ಮುಂದುವರಿಯಬಹುದು. ಈ ಲೆಕ್ಕ ಗೊತ್ತಿದ್ದರೆ ಅವಸರ ಹೋಗುತ್ತದೆ. ಸ್ಪೈಕ್ ನೆಟ್ಟರು ಅಂತ ಒಬ್ಬೊಬ್ಬರೇ ಓಡಿ ಹೋಗಿ ಸಾಯುವ ತಂಡಗಳೇ ಜಾಸ್ತಿ, ಅಲ್ವಾ? ಹತ್ತು ಸೆಕೆಂಡ್ ಕಾದು ಒಟ್ಟಿಗೆ ಹೋದರೂ ಸಮಯ ಉಳಿದಿರುತ್ತದೆ. ನಾವು ಇಬ್ಬರನ್ನು ಕಾವಲಿಗೆ ಬಿಟ್ಟು ಮೂವರಿಂದ ರಿಟೇಕ್ ಮಾಡಿಸುತ್ತೇವೆ, ಆಮೇಲೆ ಅದಲು ಬದಲು.

ಒಬ್ಬ ಸತ್ತರೆ ಕೊಂದವನನ್ನು ಕೂಡಲೇ ಕೊಲ್ಲುವುದಕ್ಕೆ ಟ್ರೇಡ್ ಅನ್ನುತ್ತಾರೆ. ನಮ್ಮ ಹುಡುಗರಿಗೆ ಅದನ್ನು ಕಬಡ್ಡಿಯಿಂದ ಹೇಳಿದೆ. ಒಬ್ಬ ರೈಡರ್‌ನ ಕಾಲು ಹಿಡಿದ ಕ್ಷಣ ಉಳಿದವರು ಮೈಮೇಲೆ ಬೀಳದಿದ್ದರೆ ಹಿಡಿದವನು ಔಟ್. ಎರಡನೆಯವನು ಎಷ್ಟು ಹಿಂದೆ ಇರಬೇಕು ಅನ್ನುವುದು ಪ್ರತಿ ಮೂಲೆಗೂ ಬೇರೆ. ಅದು ಕಾಲಿಗೆ ಗೊತ್ತಾಗುವುದು ಖಾಲಿ ಮ್ಯಾಪ್‌ನಲ್ಲಿ ನಡೆದಾಗ ಮಾತ್ರ. ಈ ತಾಲೀಮು ಹಿಡಿದ ಮೇಲೆ ಬಂದ ಸ್ಕ್ರಿಮ್‌ಗಳಲ್ಲಿ ಮೊದಲು ನುಗ್ಗುವ ನಮ್ಮ ಎಂಟ್ರಿ ಹುಡುಗ ಸುಮ್ನೆ ಸಾಯುವುದು ನಿಂತಿತು. ಸತ್ತರೂ ಅವನ ಸಾವಿಗೆ ಬೆಲೆ ಸಿಕ್ಕಿತು.

ರೆಕಾರ್ಡಿಂಗ್ ನೋಡುವುದು ಸ್ಕ್ರಿಮ್‌ನ ಅರ್ಧ ಭಾಗ. 2025ರಲ್ಲಿ ಆಟದೊಳಗೇ ರಿಪ್ಲೇ ಬಂತು, ಹತ್ತೂ ಜನರ ಕಣ್ಣಿಂದ ನೋಡಬಹುದು. ತುಂಬ ಒಳ್ಳೆಯದು. ಆದರೂ ಒಬಿಎಸ್ ಅನ್ನುವ ರೆಕಾರ್ಡಿಂಗ್ ಸಾಫ್ಟ್‌ವೇರ್‌ನಲ್ಲಿ ನಾವೇ ರೆಕಾರ್ಡ್ ಮಾಡುವುದನ್ನು ಬಿಟ್ಟಿಲ್ಲ. ನಾವು ಮಾತಾಡುವುದು ಡಿಸ್ಕಾರ್ಡ್‌ನಲ್ಲಿ, ಆ ಮಾತು ರಿಪ್ಲೇನಲ್ಲಿ ಇರಲ್ಲ. ನನಗೆ ಬೇಕಾದದ್ದು ಮಾತೇ. "ಅಲ್ಲಿ, ಅಲ್ಲಿ" ಅಂತ ಕೂಗಿದರೆ ಯಾರಿಗೂ ಉಪಯೋಗ ಇಲ್ಲ. "ಮಾರ್ಕೆಟ್‌ನಾಗ ಇಬ್ಬರು, ಒಬ್ಬಂಗ 140 ಬಿದ್ದದ" ಅಂದರೆ ಎಲ್ಲವೂ ಬಂತು (ಮಾರ್ಕೆಟ್ ಅಂದರೆ ಮ್ಯಾಪ್‌ನ ಒಂದು ಜಾಗ). ಫ್ಯಾಂಟಮ್ ಅನ್ನುವ ಬಂದೂಕಿನ ಪೆಟ್ಟು 15 ಮೀಟರ್ ದಾಟಿದ ಮೇಲೆ 30 ಮೀಟರ್‌ವರೆಗೆ ತಲೆಗೆ 140, 150ರಲ್ಲಿ ಅವನಿಗೆ ಉಳಿದದ್ದು ಹತ್ತೇ. ಪಿಸ್ತೂಲ್‌ನಿಂದಲೂ ಮುಗಿಸಬಹುದು. ಕನ್ನಡ, ದಖ್ಖನಿ, ಹಿಂದಿ ಯಾವುದರಲ್ಲಾದರೂ ಹೇಳಲಿ. ಜಾಗ, ಎಷ್ಟು ಜನ, ಎಷ್ಟು ಪೆಟ್ಟು, ಈ ಕ್ರಮ ತಪ್ಪಬಾರದು. ಪೂರ್ತಿ ಪಂದ್ಯ ನೋಡಿಸಿದರೆ ಹುಡುಗರು ಆಕಳಿಸುತ್ತಾರೆ. ಮೂರು ರೌಂಡ್ ಆರಿಸಿ, ಮೊದಲು ಸತ್ತವನು ಯಾರು, ಟ್ರೇಡ್ ಆಯ್ತಾ ಅಂತ ಮಾತ್ರ ಕೇಳಿ. ಇದಕ್ಕೆ ಕೆಫೆಯ ದುಡ್ಡು ಹಾಕಬೇಡಿ. ನಾವು ಯಾರದಾದರೂ ಮಾಳಿಗೆ ಮೇಲೆ ಸುಸಲಾ, ಮಿರ್ಚಿ ಭಜಿ ಇಟ್ಟುಕೊಂಡು ಒಂದು ಲ್ಯಾಪ್‌ಟಾಪ್‌ನಲ್ಲಿ ನೋಡುತ್ತೇವೆ. ಅಲ್ಲಿ ಜಗಳವೂ ಕಡಿಮೆ.

ಮನೆಯಾ, ಕೆಫೆಯಾ ಅನ್ನುವ ಪ್ರಶ್ನೆಯೂ ಬರುತ್ತದೆ. ಕೆಫೆಯಲ್ಲಿ ಐವರಿಗೂ ಒಂದೇ ತರಹದ ಮಷೀನ್, ಒಂದೇ ರಿಫ್ರೆಶ್ ರೇಟ್ ಸಿಗುತ್ತದೆ, ಜನರೇಟರ್ ಇರುತ್ತದೆ. ವಿಂಡೋಸ್ 11 ಇದ್ದರೆ ಸೆಕ್ಯೂರ್ ಬೂಟ್ ಮತ್ತು ಟಿಪಿಎಂ 2.0 ಅನ್ನುವ ಭದ್ರತಾ ಸೌಲಭ್ಯ ಆನ್ ಇದೆಯಾ ಅಂತ ಮೊದಲೇ ಕೇಳಿ, ಇಲ್ಲದಿದ್ದರೆ ಮೋಸ ತಡೆಯುವ ವ್ಯಾಂಗಾರ್ಡ್ ಸಾಫ್ಟ್‌ವೇರ್ ಆಡಲಿಕ್ಕೇ ಬಿಡಲ್ಲ. ಆದರೆ ಪಕ್ಕಪಕ್ಕ ಕೂತ ಹುಡುಗರು ಮಾತಾಡುವ ಬದಲು ಪಕ್ಕದವನ ಸ್ಕ್ರೀನ್ ಇಣುಕುತ್ತಾರೆ. ಮನೆಯಿಂದ ಆಡುವ ಪಂದ್ಯದಲ್ಲಿ ಆ ಸಹಾಯ ಇರಲ್ಲ, ಆಗ ಮೌನ. ಅದಕ್ಕೆ ತಾಲೀಮು ಕೆಫೆಯಲ್ಲಿ, ಸ್ಕ್ರಿಮ್ ಮನೆಯಿಂದ ಅಂತ ಮಾಡಿದೆವು. ಮನೆಯ ರೌಟರ್‌ಗೆ ಸಣ್ಣ ಯುಪಿಎಸ್ ಇಡಿ. ಹೊಸ ಮೌಸ್‌ಗಿಂತ ಅದು ಮುಖ್ಯ.

ಬೇಸಿಗೆಯಲ್ಲಿ ಸಮಯ ಬದಲಿಸಿ. ಏಪ್ರಿಲ್, ಮೇ ಬಂತೆಂದರೆ ನಮ್ಮ ಭಾಗದ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ರಿಂದ ಮಧ್ಯಾಹ್ನ ಒಂದೂವರೆ ತನಕ ನಡೆಯುತ್ತವೆ. 42 ಡಿಗ್ರಿ ಬಿಸಿಲಲ್ಲಿ ಮುಚ್ಚಿದ ಕೋಣೆಯೊಳಗೆ ಐದು ಪಿಸಿ ಹಚ್ಚಿ ಮಧ್ಯಾಹ್ನ ಆಡಿದರೆ ಮಷೀನೂ ಸುಸ್ತು, ಹುಡುಗರೂ ಸುಸ್ತು. ಬೆಳಗಿನ ತಾಲೀಮಿನಲ್ಲಿ ತಲೆ ಚುರುಕಾಗಿರುತ್ತದೆ.

ಮೊಬೈಲ್ ತಂಡ ಕಟ್ಟುವವರು ಇಲ್ಲಿ ಜಾಸ್ತಿ ಇದ್ದಾರೆ, ಅವರಿಗೆ ಈ ಕ್ರಮ ಹೊಂದಲ್ಲ. ಬಿಜಿಎಂಐ (ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ) ಪಂದ್ಯದಲ್ಲಿ ನಾಲ್ಕು ಜನರ 16 ತಂಡ ಒಟ್ಟಿಗೆ ಇಳಿಯುತ್ತವೆ. ಮೊದಲ ಸ್ಥಾನಕ್ಕೆ 10 ಅಂಕ, ಪ್ರತಿ ಫಿನಿಶ್‌ಗೆ (ಎದುರಾಳಿಯನ್ನು ಮುಗಿಸಿದ್ದಕ್ಕೆ) 1. ಎರಂಗೆಲ್ ಮ್ಯಾಪ್‌ನ 8 ಕಿಲೋಮೀಟರ್ ಉದ್ದಗಲದಲ್ಲಿ ಯಾವ ತಂಡ ಎಲ್ಲಿ ಇಳಿಯುತ್ತದೆ, ಸುರಕ್ಷಿತ ಜಾಗದ ವೃತ್ತ ಸರಿದಾಗ ಯಾವ ದಾರಿ ತುಂಬುತ್ತದೆ ಅನ್ನುವುದೇ ಆಟ. ಅದನ್ನು ಖಾಲಿ ಮ್ಯಾಪ್‌ನಲ್ಲಿ ಕಲಿಯೋಕೆ ಆಗಲ್ಲ. ಗಾಡಿ ಎಲ್ಲಿ ಸಿಗುತ್ತದೆ, ಯಾವ ಗುಡ್ಡದಿಂದ ಏನು ಕಾಣುತ್ತದೆ ಅಂತ ನೋಡಿಕೊಳ್ಳಬಹುದು ಅಷ್ಟೇ. ಅಲ್ಲಿ ಸ್ಕ್ರಿಮ್ ಮೊದಲು, ಅದರ ಮ್ಯಾಪ್ ಮುಂದಿಟ್ಟುಕೊಂಡು ಮಾತು ಎರಡನೆಯದು, ಜೈರೋಸ್ಕೋಪ್ (ಫೋನ್ ವಾಲಿಸಿ ಗುರಿ ಇಡುವುದು) ಮತ್ತು ಟಿಡಿಎಂ (ತಂಡಗಳ ಡೆತ್‌ಮ್ಯಾಚ್) ಅಭ್ಯಾಸ ಮನೆಯಲ್ಲಿ.