ಟ್ಯೂಬ್‌ಲೈಟ್ ಕೆಳಗೆ ನಿಲ್ಲುವವರಿಗೊಂದು ಪೊಮೇಡ್

ಹೊಳೆಯುವುದಿಲ್ಲ. ಮ್ಯಾಟ್ ಎಂದು ಕರೆದುಕೊಳ್ಳುವ ಪೊಮೇಡ್‌ನಿಂದ, ಅಂದರೆ ಕೂದಲನ್ನು ಕೂರಿಸಲು ಹಚ್ಚುವ ಲೇಪದಿಂದ, ಮೊದಲು ಬೇಕಾದದ್ದು ಅದು. ನಾನು ಈಗ ಬಳಸುತ್ತಿರುವ ಕಪ್ಪು ಮುಚ್ಚಳದ ಡಬ್ಬಿ ಆ ಮಾತನ್ನು ಉಳಿಸಿಕೊಂಡಿದೆ. ಅದೇ ಮುಚ್ಚಳದ ಮೇಲೆ ಇನ್ನೂ ಎರಡು ಮಾತುಗಳಿವೆ: ಹಿಡಿತ ದಿನವಿಡೀ ನಿಲ್ಲುತ್ತದೆ, ತೊಳೆದರೆ ಸುಲಭವಾಗಿ ಹೋಗುತ್ತದೆ. ಮೊದಲನೆಯದು ಅರ್ಧ ನಿಜ, ಎರಡನೆಯದು ಹೆಚ್ಚುಕಡಿಮೆ ಸುಳ್ಳು. ಆದರೂ ಇದು ಮುಗಿದ ಮೇಲೆ ಇದೇ ಬಗೆಯದನ್ನು ಮತ್ತೆ ತರುತ್ತೇನೆ. ತಯಾರಕರ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಹಿಂಬದಿಯ ಪದಾರ್ಥಗಳ ಪಟ್ಟಿಯನ್ನು ಓದಲು ಬಂದರೆ ಈ ಗುಣದ ಡಬ್ಬಿಯನ್ನು ಯಾವ ಹೆಸರಿನಲ್ಲಿದ್ದರೂ ಗುರುತಿಸಬಹುದು.

ಇಂಥ ವಿಮರ್ಶೆ ಬರೆಯುವವರು ತಮ್ಮ ಕೂದಲು ಎಂಥದೆಂದು ಹೇಳದಿದ್ದರೆ ಓದಿದವರಿಗೆ ಪ್ರಯೋಜನವಿಲ್ಲ. ನನ್ನದು ನೇರವಾದ, ಎಳೆ ತೆಳುವಾದ ಕಪ್ಪು ಕೂದಲು; ಕಿವಿಗಳ ಮೇಲೆ ನರೆ. ಮುಂದಲೆಯಲ್ಲಿ ಬೆರಳುದ್ದ, ಪಕ್ಕಗಳಲ್ಲಿ ಗಿಡ್ಡ. ನೆತ್ತಿಯಲ್ಲಿ ಎರಡು ಸುಳಿಗಳಿದ್ದು ಒಂದು ಬಲಕ್ಕೆ, ಇನ್ನೊಂದು ಎಡಕ್ಕೆ ತಿರುಗುತ್ತವೆ. ಅವುಗಳ ಜಗಳದಲ್ಲಿ ಸಿಕ್ಕಿಕೊಂಡ ಒಂದು ಕುಚ್ಚು ಯಾರ ಮಾತನ್ನೂ ಕೇಳದೆ ಎದ್ದು ನಿಲ್ಲುತ್ತದೆ. ನಲವತ್ತು ದಾಟಿದ ಮೇಲೆ ಆ ಸುಳಿಗಳ ಸುತ್ತ ಕೂದಲು ವಿರಳವಾಗುತ್ತಿದೆ. ವೃತ್ತಿಯಲ್ಲಿ ರಸಾಯನಶಾಸ್ತ್ರದ ಅಧ್ಯಾಪಕ. ಅಂದರೆ ದಿನದ ಬಹುಪಾಲು ಟ್ಯೂಬ್‌ಲೈಟ್‌ಗಳ ಕೆಳಗೆ, ತರಗತಿಗೆ ಬೆನ್ನು ಹಾಕಿ, ಬೋರ್ಡಿನ ಮೇಲೆ ಸಮೀಕರಣ ಬರೆಯುತ್ತ ನಿಂತಿರುತ್ತೇನೆ. ಮನೆಯ ಕನ್ನಡಿ ನನ್ನ ಮುಖವನ್ನು ನೋಡುತ್ತದೆ. ಹಿಂದಿನ ಬೆಂಚಿನವರು ನೋಡುವುದು ನೆತ್ತಿಯನ್ನು.

ನೆತ್ತಿ ಕಾಣುವುದಕ್ಕೂ ಹೊಳಪಿಗೂ ನೇರ ಸಂಬಂಧವಿದೆ. ಒಂದೊಂದು ಕೂದಲಿನ ಮೇಲ್ಮೈಯೂ ಒಂದರ ಮೇಲೊಂದು ಹೊದಿಸಿದ ಹೆಂಚುಗಳಂತಿರುತ್ತದೆ. ಎಣ್ಣೆಯೋ ಪೆಟ್ರೋಲಿಯಂ ಜೆಲ್ಲಿಯೋ ಆ ಸಂದುಗಳನ್ನು ತುಂಬಿ ನುಣುಪಾದ ಪೊರೆಯಾಗಿ ನಿಂತರೆ ಬೆಳಕು ಒಂದೇ ದಿಕ್ಕಿಗೆ ಪ್ರತಿಫಲಿಸುತ್ತದೆ, ಕೂದಲು ಮಿಂಚುತ್ತದೆ. ಅದೇ ಪೊರೆ ಹತ್ತಾರು ಎಳೆಗಳನ್ನು ಒಟ್ಟಿಗೆ ಅಂಟಿಸಿ ಕಡ್ಡಿಗಳಂತೆ ಮಾಡುತ್ತದೆ. ಕಡ್ಡಿಗಳ ನಡುವೆ ತಲೆಯ ಚರ್ಮ ಬಯಲಾಗುತ್ತದೆ. ದಟ್ಟ ಕೂದಲಿನವರಿಗೆ ಇದು ಸೊಗಸು. 1928ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಹುಟ್ಟಿದ ಬ್ರಿಲ್‌ಕ್ರೀಮ್, ನೀರು ಮತ್ತು ಖನಿಜ ತೈಲವನ್ನು ಜೇನುಮೇಣದ ನೆರವಿನಿಂದ ಒಂದಾಗಿಸಿ ಕೊಡುತ್ತಿದ್ದದ್ದು ಈ ಮಿಂಚನ್ನೇ. ನನ್ನಂಥವನ ತಲೆಯ ಮೇಲೆ ಮಾತ್ರ ಅದು ಮುಚ್ಚಬೇಕಾದ್ದನ್ನು ಎತ್ತಿ ತೋರಿಸುತ್ತದೆ.

ಮ್ಯಾಟ್ ಪೊಮೇಡ್ ಇದಕ್ಕೆ ತದ್ವಿರುದ್ಧವಾಗಿ ಕೆಲಸ ಮಾಡುತ್ತದೆ. ಅದರಲ್ಲಿರುವ ಜೇಡಿಮಣ್ಣು ಮತ್ತು ಸಿಲಿಕಾದ ಸೂಕ್ಷ್ಮ ಕಣಗಳು ಮೇಲ್ಮೈಯನ್ನು ಒರಟಾಗಿಸುತ್ತವೆ. ಬಿದ್ದ ಬೆಳಕು ಎಲ್ಲ ದಿಕ್ಕಿಗೂ ಚೆದುರುತ್ತದೆ. ಎಳೆಗಳ ನಡುವೆ ಘರ್ಷಣೆ ಹೆಚ್ಚುವುದರಿಂದ ಅವು ಜಾರಿ ಒಂದಾಗುವುದಿಲ್ಲ, ಬಿಡಿಬಿಡಿಯಾಗಿ ಒಂದನ್ನೊಂದು ಆನಿಕೊಂಡು ನಿಲ್ಲುತ್ತವೆ. ಕೂದಲು ಹೆಚ್ಚಾಗುವುದಿಲ್ಲ, ಇರುವಷ್ಟೇ ಕೂದಲು ಹೆಚ್ಚು ಜಾಗವನ್ನು ಆವರಿಸುತ್ತದೆ. ಇದನ್ನು ಹಚ್ಚಿದ ದಿನ ಸಹೋದ್ಯೋಗಿಯೊಬ್ಬರಿಂದ ನೆತ್ತಿಯ ಫೋಟೊ ತೆಗೆಸಿ, ಹಚ್ಚದ ದಿನದ ಫೋಟೊದ ಪಕ್ಕದಲ್ಲಿಟ್ಟು ನೋಡಿದ್ದೇನೆ. ಬೋಳು ಮುಚ್ಚಿಹೋಗಿರಲಿಲ್ಲ, ಆದರೆ ಕಣ್ಣು ಮೊದಲು ಅಲ್ಲಿಗೆ ಹೋಗುತ್ತಿರಲಿಲ್ಲ. ನನಗೆ ಅಷ್ಟು ಸಾಕು. (ಸಹೋದ್ಯೋಗಿ ಕಾರಣ ಕೇಳಲಿಲ್ಲ. ಅವರಿಗೂ ನಲವತ್ತಾಗಿದೆ.)

ಇನ್ನು ಹಿಂಬದಿಯ ಪಟ್ಟಿ. ನೀರು, ಜೇನುಮೇಣ, ಕೆಯೋಲಿನ್ (ಮೇಲೆ ಹೇಳಿದ ಜೇಡಿಮಣ್ಣು ಇದೇ), ಸೆಟಿಯರಿಲ್ ಆಲ್ಕೊಹಾಲ್, ಕಾರ್ನೌಬಾ ಮೇಣ, ಸ್ಟಿಯರಿಕ್ ಆಮ್ಲ, ಸಿಲಿಕಾ, ಆಮೇಲೆ ಸುಗಂಧ, ಸಂರಕ್ಷಕಗಳು ಇತ್ಯಾದಿ. ಪ್ರಸಾಧನಗಳ ಪಟ್ಟಿಯಲ್ಲಿ ಪದಾರ್ಥಗಳು ತೂಕದ ಇಳಿಕೆಯ ಕ್ರಮದಲ್ಲಿರುತ್ತವೆ. ಶೇಕಡ 1ಕ್ಕಿಂತ ಕಡಿಮೆ ಇರುವವನ್ನು ಮಾತ್ರ ಕೊನೆಯಲ್ಲಿ ಹೇಗೆ ಬೇಕಾದರೂ ಜೋಡಿಸಬಹುದು. ಕೆಯೋಲಿನ್ ಮೂರನೆಯ ಸ್ಥಾನದಲ್ಲಿರುವುದು ಒಳ್ಳೆಯ ಗುರುತು. ಮುಂಬದಿಯಲ್ಲಿ ಮಣ್ಣಿನ ಹೆಸರು ಹೇಳಿಕೊಂಡು ಹಿಂಬದಿಯಲ್ಲಿ ಅದನ್ನು ಸುಗಂಧದ ನಂತರ ಇಟ್ಟಿರುವ ಡಬ್ಬಿಗಳನ್ನೂ ನೋಡಿದ್ದೇನೆ. ಈ ಡಬ್ಬಿಗೂ ಅದೇ ಚಾಳಿ ಸ್ವಲ್ಪ ಇದೆ: ಮುಚ್ಚಳದ ಮೇಲೆ ಆರ್ಗನ್ ಎಣ್ಣೆಯ ಹೆಸರು ದೊಡ್ಡದಾಗಿದೆ, ಪಟ್ಟಿಯಲ್ಲಿ ಅದು ಫೀನಾಕ್ಸಿಎಥನಾಲ್ ನಂತರ ಬರುತ್ತದೆ. ಈ ಸಂರಕ್ಷಕಕ್ಕೆ ಐರೋಪ್ಯ ಒಕ್ಕೂಟದ ನಿಯಮದಲ್ಲಿ ಶೇಕಡ 1ರ ಮಿತಿ ಇದೆ. ಅದನ್ನು ಪಾಲಿಸಿದ್ದರೆ ಅದರ ಹಿಂದೆ ನಿಂತ ಆರ್ಗನ್ ಎಣ್ಣೆ ಆ ಮಿತಿಯನ್ನು ದಾಟಿರಲು ಸಾಧ್ಯವಿಲ್ಲ. ಮುಚ್ಚಳದ ಮೇಲೆ ಹಾಕಿಕೊಳ್ಳಲು ಬೇಕಾದಷ್ಟು ಎಣ್ಣೆ ಇದೆ ಎನ್ನೋಣ. ಸೆಟಿಯರಿಲ್ ಆಲ್ಕೊಹಾಲ್ ಎಂಬ ಹೆಸರು ನೋಡಿ ಕೂದಲು ಒಣಗಿಹೋದೀತೆಂದು ಹೆದರುವವರಿದ್ದಾರೆ. ಅದು ಸ್ಪಿರಿಟ್ ಅಲ್ಲ, ಮೇಣದಂಥ ಬಿಳಿ ಘನ, ಕಂಡೀಷನರ್‌ಗಳಲ್ಲೂ ಇರುತ್ತದೆ.

ಮೇಣಗಳ ವಿಚಾರ ತುಸು ನಿಧಾನವಾಗಿ ನೋಡುವಂಥದ್ದು, ಏಕೆಂದರೆ ಈ ಪೊಮೇಡ್‌ನ ಗುಣದೋಷಗಳೆರಡೂ ಅಲ್ಲಿವೆ. ಜೇನುಮೇಣ ಕರಗುವುದು 62ರಿಂದ 64 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಬ್ರೆಜಿಲ್‌ನ ಒಂದು ತಾಳೆಯ ಎಲೆಗಳಿಂದ ತೆಗೆಯುವ ಕಾರ್ನೌಬಾ ಮೇಣಕ್ಕೆ 80 ಡಿಗ್ರಿಗಿಂತ ಹೆಚ್ಚು ಬೇಕು. ಅಂಗೈಯ ಬಿಸಿ 35ರ ಆಸುಪಾಸು. ಹೀಗಾಗಿ ಇದನ್ನು ಅಂಗೈಗಳ ನಡುವೆ ಎಷ್ಟು ಉಜ್ಜಿದರೂ ಕರಗುವುದಿಲ್ಲ, ಮೆದುವಾಗುತ್ತದೆ ಅಷ್ಟೆ. ಡಬ್ಬಿಯಿಂದ ತೆಗೆಯಲು ಬೆರಳ ತುದಿ ಸಾಲದು, ಉಗುರಿನ ಹಿಂಬದಿಯಿಂದ ಕೆರೆಯಬೇಕು. ಕೆರೆದದ್ದನ್ನು ಹಾಗೇ ತಲೆಗೆ ಹಚ್ಚಿದರೆ ಮುಂದಲೆಯಲ್ಲಿ ಉಂಡೆಯಾಗಿ ಕೂರುತ್ತದೆ. ಅಂಗೈಯಲ್ಲಿ ಉಂಡೆ ಪೂರ್ತಿ ಮಾಯವಾಗಿ ತೆಳುವಾದ ಅಂಟು ಮಾತ್ರ ಉಳಿಯುವವರೆಗೆ ಉಜ್ಜಿ, ಹಿಂದಿನಿಂದ ಮುಂದಕ್ಕೆ, ಬುಡದಿಂದ ತುದಿಗೆ ಬೆರಳಾಡಿಸಬೇಕು. ಮುಂದಲೆ ಕೊನೆಗೆ. ಬಾಚಣಿಗೆ ಬೇಡ, ಅದು ಎಳೆಗಳನ್ನು ಮತ್ತೆ ಸಾಲುಗಟ್ಟಿಸುತ್ತದೆ.

ಅವಸರದಲ್ಲಿದ್ದರೆ ಇನ್ನೊಂದು ತೊಂದರೆ. ಕೆಯೋಲಿನ್ ಬಿಳಿ ಮಣ್ಣು. ಸರಿಯಾಗಿ ಹರಡದಿದ್ದರೆ ಕಪ್ಪು ಕೂದಲಿನ ಬುಡದಲ್ಲಿ ಬಿಳಿ ಚುಕ್ಕೆಗಳಾಗಿ ಉಳಿದು, ನೋಡಿದವರು ತಲೆಹೊಟ್ಟು ಎಂದುಕೊಳ್ಳುತ್ತಾರೆ. ನನ್ನ ವೃತ್ತಿಯಲ್ಲಿ ಸೀಮೆಸುಣ್ಣದ ಮೇಲೆ ತಪ್ಪು ಹೊರಿಸಿ ಪಾರಾಗಬಹುದು. ಎಲ್ಲರಿಗೂ ಆ ಅನುಕೂಲವಿರುವುದಿಲ್ಲ. ನರೆತ ಭಾಗದಲ್ಲಿ ಇದು ಕಾಣುವುದೇ ಇಲ್ಲ.

ಒದ್ದೆ ಕೂದಲಿಗೂ ಒಣ ಕೂದಲಿಗೂ ಹಚ್ಚಬಹುದು ಎಂದು ಡಬ್ಬಿ ಹೇಳುತ್ತದೆ. ಒದ್ದೆಗೆ ಹಚ್ಚಿದರೆ ಹರಡುವುದು ಸುಲಭ, ಆದರೆ ಮ್ಯಾಟ್ ಗುಣ ತಗ್ಗಿ ಎಳೆಗಳು ಅಂಟಿಕೊಳ್ಳುತ್ತವೆ. ಒಣಗಿದ ಕೂದಲಿಗೇ ಸರಿ. ಸುಳಿಯ ಕುಚ್ಚನ್ನು ಬಗ್ಗಿಸುವ ಶಕ್ತಿ ಮಾತ್ರ ಈ ಮೇಣಕ್ಕಿಲ್ಲ. ಕೂದಲಿನ ಕೆರಾಟಿನ್ ಎಂಬ ಪ್ರೋಟೀನ್‌ನಲ್ಲಿ ಜಲಜನಕ ಬಂಧಗಳಿವೆ. ನೀರು ತಾಗಿದಾಗ ಅವು ಬಿಡಿಸಿಕೊಂಡು, ಒಣಗುವಾಗ ಕೂದಲು ಯಾವ ಭಂಗಿಯಲ್ಲಿದೆಯೋ ಆ ಭಂಗಿಯಲ್ಲೇ ಮತ್ತೆ ಬೆಸೆದುಕೊಳ್ಳುತ್ತವೆ. ಆದ್ದರಿಂದ ಸ್ನಾನವಾದ ಕೂಡಲೇ ಕುಚ್ಚನ್ನು ಎದುರು ದಿಕ್ಕಿಗೆ ಒತ್ತಿ ಹಿಡಿದು ಹೇರ್ ಡ್ರೈಯರ್‌ನಿಂದ ಒಣಗಿಸುತ್ತೇನೆ. ಆಕಾರ ಬರುವುದು ಅಲ್ಲಿ. ಬಂದ ಆಕಾರವನ್ನು ಕಾಯುವುದಷ್ಟೇ ಪೊಮೇಡ್‌ನ ಕೆಲಸ.

ಎಷ್ಟು ಹೊತ್ತು ಕಾಯುತ್ತದೆ? ಒಣ ಹವೆಯ ದಿನ, ನನ್ನ ಕೂದಲಿನ ಉದ್ದಕ್ಕೆ, ಮಧ್ಯಾಹ್ನದವರೆಗೆ ಬೆಳಿಗ್ಗೆ ಮಾಡಿದ್ದು ಹಾಗೇ ಇರುತ್ತದೆ. ಸಂಜೆಯ ಹೊತ್ತಿಗೆ ಮುಂದಲೆ ಸ್ವಲ್ಪ ಕುಸಿಯುತ್ತದೆ. ಗಾಳಿಯಲ್ಲಿ ತೇವ ಹೆಚ್ಚಿದ ದಿನ ಅಷ್ಟೂ ಇಲ್ಲ. ಕೂದಲು ತೇವ ಹೀರುತ್ತಿದ್ದಂತೆ ಆ ಬಂಧಗಳು ಸಡಿಲವಾಗಿ ಹುಟ್ಟುಗುಣಕ್ಕೆ ಮರಳುತ್ತವೆ, ಮೇಣದ ಪೊರೆ ಅದನ್ನು ತಡಮಾಡಬಲ್ಲದೇ ಹೊರತು ತಡೆಯಲಾರದು. ಬೆವರು ಸುರಿದರೆ ಮ್ಯಾಟ್ ಕೂಡ ಹೋಗಿ ಮಾಮೂಲಿ ಒದ್ದೆ ತಲೆಯಾಗುತ್ತದೆ. 'ದಿನವಿಡೀ' ಎಂಬುದು ಕುಳಿತು ಕೆಲಸ ಮಾಡುವವರ ದಿನ ಎಂದು ತಿಳಿಯಬೇಕು.

ಆದರೆ ಹಿಡಿತವೆಂದರೆ ಗಟ್ಟಿತನ ಎಂದು ಯಾರು ಹೇಳಿದರು? ಹೆಲ್ಮೆಟ್ ತೆಗೆದ ಮೇಲೆ ಇದರ ಬೆಲೆ ತಿಳಿಯುತ್ತದೆ. ಜೆಲ್ ಹಚ್ಚಿದ ಕೂದಲಿನ ಮೇಲೆ ಪಾಲಿಮರ್ ಪೊರೆ ಒಣಗಿ ಬಿರುಸಾಗಿರುತ್ತದೆ. ಹೆಲ್ಮೆಟ್ ಒತ್ತಿದಾಗ ಅದು ಒಡೆದು ಹೊಟ್ಟಿನಂತೆ ಉದುರುತ್ತದೆ, ಒಡೆದದ್ದು ಮತ್ತೆ ಸೇರುವುದಿಲ್ಲ. ಮೇಣ ಒಣಗಿ ಗಟ್ಟಿಯಾಗುವ ವಸ್ತುವಲ್ಲ. ಚಪ್ಪಟೆಯಾದ ಕೂದಲನ್ನು ಬೆರಳುಗಳಿಂದ ಬುಡದಲ್ಲಿ ಕೆದರಿದರೆ ಹೊಸದಾಗಿ ಏನನ್ನೂ ಹಚ್ಚದೆ ಎದ್ದು ನಿಲ್ಲುತ್ತದೆ. ಸಿಬ್ಬಂದಿ ಕೊಠಡಿಗೆ ಹೋಗುವ ಮೆಟ್ಟಿಲುಗಳ ಮೇಲೇ ಈ ಕೆಲಸ ಮುಗಿಯುತ್ತದೆ, ಕನ್ನಡಿಯೂ ಬೇಡ. ಹೆಲ್ಮೆಟ್ ಹಾಕುವವರು ಈ ಒಂದು ಕಾರಣಕ್ಕೆ ಜೆಲ್ ಬಿಟ್ಟು ಇದಕ್ಕೆ ಬರಬಹುದು.

ಈಗ ತೊಳೆಯುವ ಸಂಕಟ. ಬಿಸಿನೀರು ಹಾಕಿದರೆ ಮೇಣ ಕರಗುತ್ತದೆ ಎಂದುಕೊಳ್ಳಬೇಡಿ. ಜೇನುಮೇಣ ಕರಗುವಷ್ಟು ಬಿಸಿಯಾದ ನೀರು ತಲೆಯನ್ನೇ ಸುಟ್ಟೀತು. ಮಣ್ಣು ನೀರಿಗೆ ಸಲೀಸಾಗಿ ಹೋಗುತ್ತದೆ, ಮೇಣ ನಿಲ್ಲುತ್ತದೆ. ಒಂದು ಸಲ ಶಾಂಪೂ ಹಾಕಿ ತೊಳೆದರೆ ಕೂದಲು ಸ್ವಚ್ಛವಾದಂತೆ ಕಂಡರೂ ಮುಟ್ಟಿದರೆ ಜಿಗುಟು. ಮರುದಿನ ಅದರ ಮೇಲೇ ಹಚ್ಚುತ್ತ ಹೋದರೆ ವಾರದ ಕೊನೆಗೆ ಬಾಚಣಿಗೆಯ ಹಲ್ಲುಗಳ ನಡುವೆ ಬೂದು ಬಣ್ಣದ ಕೆಸರು. ಎರಡು ಸಲ ಶಾಂಪೂ ಹಾಕುವುದಕ್ಕಿಂತ ಸುಲಭದ ದಾರಿಯಿದೆ. ಮೇಣ ಎಣ್ಣೆಯಲ್ಲಿ ಮೆದುವಾಗಿ ಸಡಿಲಗೊಳ್ಳುತ್ತದೆ. ಸ್ನಾನಕ್ಕೆ ಮುಂಚೆ, ತಲೆ ಒಣಗಿರುವಾಗಲೇ, ತಲೆಗೆ ಹಚ್ಚುವ ಯಾವುದಾದರೂ ಎಣ್ಣೆಯನ್ನು ಸ್ವಲ್ಪ ತಿಕ್ಕಿ ಕೆಲವು ನಿಮಿಷ ಬಿಟ್ಟು, ನೀರು ಹಾಕುವ ಮೊದಲು ಶಾಂಪೂ ಹಾಕಿ ಉಜ್ಜಿದರೆ ಒಂದೇ ಸಲಕ್ಕೆ ಬಿಡುತ್ತದೆ. ಇಷ್ಟನ್ನು ಡಬ್ಬಿಯ ಮೇಲೆ ಮುದ್ರಿಸಲು ಜಾಗವಿತ್ತು. ಆರ್ಗನ್ ಎಣ್ಣೆಯ ಅಕ್ಷರಗಳನ್ನು ಚಿಕ್ಕದು ಮಾಡಿದ್ದರೆ ಸಾಕಿತ್ತು.

ಹಚ್ಚಿಕೊಂಡೇ ಮಲಗುವುದು ಸರಿಯಲ್ಲ. ದಿಂಬಿನ ಚೀಲಕ್ಕೆ ಮೇಣ ಹತ್ತುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಗಂಡಸರು ತಲೆಗೆ ಬಳಿಯುತ್ತಿದ್ದ ಮಕಾಸರ್ ಎಣ್ಣೆಯ ಕಲೆಯಿಂದ ಕುರ್ಚಿಗಳನ್ನು ಉಳಿಸಲು ಇಂಗ್ಲೆಂಡಿನ ಮನೆಗಳಲ್ಲಿ ಕುರ್ಚಿಯ ಒರಗಿಗೆ ಬಟ್ಟೆ ಹೊದಿಸುತ್ತಿದ್ದರು. ಆ ಸಮಸ್ಯೆ ಪೂರ್ತಿ ಹೋಗಿಲ್ಲ. ಬಟ್ಟೆಗಿಂತ ಮುಖ್ಯವಾದದ್ದು ಹಣೆ. ಜಿಡ್ಡಿನ ಪೊಮೇಡ್ ಬಳಸುವವರಿಗೆ ಹಣೆ ಮತ್ತು ಕೆನ್ನೆಪಕ್ಕದ ಅಂಚಿನಲ್ಲಿ ಏಳುವ ಮೊಡವೆಗಳನ್ನು ಚರ್ಮವೈದ್ಯರು 1970ರಲ್ಲೇ 'ಪೊಮೇಡ್ ಮೊಡವೆ' ಎಂದು ವಿವರಿಸಿದ್ದಾರೆ. ನನಗೆ ಈ ಡಬ್ಬಿಯಿಂದ ಹಾಗೇನೂ ಆಗಿಲ್ಲ. ಆದರೂ ಮುಂದಲೆಗೆ ಹಚ್ಚುವಾಗ ಚರ್ಮದಿಂದ ಅರ್ಧ ಇಂಚು ಬಿಟ್ಟು ಹಚ್ಚುತ್ತೇನೆ. ಮೊಡವೆ ಬರುವ ಚರ್ಮದವರು ಇನ್ನೂ ಹುಷಾರಾಗಿರಬೇಕು.

ಪರಿಮಳ ಮರದ ಪುಡಿ ಮತ್ತು ಹೊಗೆಯ ನಡುವಿನದು, ಒಂದು ಗಂಟೆಯೊಳಗೆ ಹೋಗುತ್ತದೆ, ಹೋದರೇ ಒಳ್ಳೆಯದು. 'ಪುರುಷರಿಗಾಗಿ' ಎಂದು ಬರೆದಿರುವುದಕ್ಕೆ ಈ ವಾಸನೆ ಬಿಟ್ಟರೆ ಬೇರೆ ಆಧಾರ ಕಾಣಲಿಲ್ಲ. ನನ್ನ ಹೆಂಡತಿ ಹಣೆಯಂಚಿನ ಪುಟ್ಟ ಕೂದಲನ್ನು ಕೂರಿಸಲು ಇದೇ ಡಬ್ಬಿಗೆ ಕೈ ಹಾಕುತ್ತಾಳೆ. ಜೇನುಮೇಣ ಏನೂ ತಕರಾರು ಮಾಡಿಲ್ಲ.

ಯಾರಿಗೆ ಬೇಡ ಎಂಬುದನ್ನೂ ಹೇಳಬೇಕು. ಗುಂಗುರು ಕೂದಲಿಗೆ ಇದು ಒರಟು. ಸುರುಳಿಗಳ ಅಂದವಿರುವುದು ಎಳೆಗಳು ಕೂಡಿರುವುದರಲ್ಲಿ, ಇದು ಅವನ್ನು ಬಿಡಿಸಿ ಕೆದರುತ್ತದೆ. ಹೆಗಲಿಗೆ ಬರುವ ಕೂದಲಿಗೆ ಹಚ್ಚಲು ಹೋದರೆ ಅರ್ಧಕ್ಕೇ ಕೈ ಜಗ್ಗಿ ನೋಯುತ್ತದೆ. ಬೈತಲೆ ತೆಗೆದು ನುಣ್ಣಗೆ ಹಿಂದಕ್ಕೆ ಬಾಚಬೇಕೆನ್ನುವವರು ಪಟ್ಟಿಯಲ್ಲಿ ಮೇಣದ ಬದಲು ಪೆಗ್-40 ಹೈಡ್ರೊಜನೇಟೆಡ್ ಕ್ಯಾಸ್ಟರ್ ಆಯಿಲ್‌ನಂಥ ಹೆಸರು ಮುಂದಿರುವ, ನೀರಿಗೆ ಬಿಡುವ ಪೊಮೇಡ್ ಕೊಳ್ಳಲಿ. ಅದು ಮಿಂಚುತ್ತದೆ, ಬರೀ ನೀರಿಗೇ ಹೋಗುತ್ತದೆ.

ಒಂದು ಸಲಕ್ಕೆ ನಾನು ಕೆರೆಯುವಷ್ಟನ್ನು ಪ್ರಯೋಗಾಲಯದ ತಕ್ಕಡಿಯಲ್ಲಿ ತೂಗಿದೆ: ಸುಮಾರು ಅರ್ಧ ಗ್ರಾಂ. 100 ಗ್ರಾಂ ಡಬ್ಬಿಯಿಂದ ಇನ್ನೂರು ಸಲ. ವಾರಕ್ಕೆ ಐದು ದಿನ ಹಚ್ಚಿದರೆ ಒಂಬತ್ತು ತಿಂಗಳ ಮಾತು. ತೆರೆದ ಡಬ್ಬಿಯ ಚಿತ್ರದೊಳಗೆ 12 ಎಂ ಎಂದಿರುವುದರಿಂದ, ಮುಚ್ಚಳ ತೆರೆದ ಮೇಲೆ ಹನ್ನೆರಡು ತಿಂಗಳು ಬಳಸಲು ಅಡ್ಡಿಯಿಲ್ಲ. ಆದರೆ ಪಟ್ಟಿಯ ಮೊದಲ ಹೆಸರು ನೀರು, ಮತ್ತು ಪ್ರತಿ ಸಲ ಮುಚ್ಚಳ ತೆಗೆದಾಗಲೂ ಅದು ಅಷ್ಟಷ್ಟು ಆರುತ್ತದೆ. ನನ್ನ ಡಬ್ಬಿಯ ಅಂಚಿನಲ್ಲಿ ಉಳಿದ ಭಾಗ ಈಗಲೇ ಉಗುರಿಗೆ ಬಗ್ಗುತ್ತಿಲ್ಲ. ಮುಂದಿನ ಸಲ ತರುವುದು 50 ಗ್ರಾಂನದ್ದು.