ನೂಕ್ಸಿಯೋ ಅಥವಾ ರೆಪೊವೆಸಿ: ಕೈಯಲ್ಲಿ ಒಂದೇ ದಿನವಿದ್ದರೆ

ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಉಳಿದುಕೊಂಡು ಕೆರೆದಂಡೆಯಲ್ಲಿ ಒಂದು ದಿನ ನಡೆಯಲು ನೂಕ್ಸಿಯೋ, ರೆಪೊವೆಸಿ ಎಂಬ ರಾಷ್ಟ್ರೀಯ ಉದ್ಯಾನಗಳಲ್ಲಿ ಯಾವುದು ಎಂದು ಕೇಳಿದ್ದೀರಿ. ಎರಡಕ್ಕೂ ಪ್ರವೇಶ ಶುಲ್ಕವಿಲ್ಲ, ಖರ್ಚೆಲ್ಲ ಪ್ರಯಾಣದ್ದೇ.

ಕಾರಿಲ್ಲದವರಿಗೆ ನೂಕ್ಸಿಯೋ ಸುಲಭ. ಪಕ್ಕದ ಎಸ್ಪೂ ನಗರದವರೆಗೆ ರೈಲು, ಅಲ್ಲಿಂದ 245ನೇ ಬಸ್. ಹೌಕ್ಕಲಂಪಿ ಕೆರೆಯ ಬಳಿಯಿಂದ ಸುಮಾರು 2, 4 ಮತ್ತು 7 ಕಿಲೋಮೀಟರಿನ ಸುತ್ತುದಾರಿಗಳಿವೆ. ಮಕ್ಕಳು ದಣಿದರೆ ಚಿಕ್ಕದನ್ನೇ ಮುಗಿಸಬಹುದು. ವಾರಾಂತ್ಯದಲ್ಲಿ ಮಾತ್ರ ಜನ ಹೆಚ್ಚು.

ರೆಪೊವೆಸಿಗೆ ಕೌವೊಲಾ ನಗರದ ಕಡೆಗೆ ಹೋಗಬೇಕು, ಕಾರಿದ್ದರೆ ಒಳ್ಳೆಯದು. ಆದರೆ ಸುಮಾರು 5 ಕಿಲೋಮೀಟರಿನ ಕೆಟುನ್‌ಲೆಂಕ್ಕಿ ಸುತ್ತುದಾರಿಯಲ್ಲಿ ಲಾಪಿನ್‌ಸಾಲ್ಮಿ ತೂಗುಸೇತುವೆ ದಾಟಿ, ಹಗ್ಗವನ್ನು ಕೈಯಾರೆ ಎಳೆದು ತೆಪ್ಪದಲ್ಲಿ ನೀರು ದಾಟುವ ಸುಖವೇ ಬೇರೆ! ನೀರು ಹೆಪ್ಪುಗಟ್ಟುವ ಕಾಲದಲ್ಲಿ ತೆಪ್ಪವಿರುವುದಿಲ್ಲ; ಆಗ ನೂಕ್ಸಿಯೋಗೇ ಹೋಗಿ. ಬೇಸಿಗೆಯಲ್ಲಿ, ಇಡೀ ದಿನ ಕೈಯಲ್ಲಿದ್ದರೆ, ನಾನಂತೂ ರೆಪೊವೆಸಿಯ ದಾರಿ ಹಿಡಿಯುತ್ತೇನೆ.