ಟಮಿಯಾ ಯಮಾಟೊ 1/350: ಹಿತ್ತಾಳೆಗೆ ಎಷ್ಟು ರೊಕ್ಕ ಸುರಿಯಬೇಕು?

ಯಮಾಟೊ ಎರಡನೇ ಮಹಾಯುದ್ಧದ ಕಾಲದ ಜಪಾನಿನ ಯುದ್ಧನೌಕೆ. ಅದನ್ನು 350ನೇ ಒಂದು ಪಾಲಿಗೆ ಇಳಿಸಿದ ಟಮಿಯಾ ಕಂಪನಿಯ ಪ್ಲಾಸ್ಟಿಕ್ ಮಾಡೆಲ್ ಕಿಟ್ಟನ್ನು ಡಬ್ಬಿಯಲ್ಲಿ ಬಂದಂತೆ ಕಟ್ಟಿದರೂ ಚೆಂದದ ಹಡಗೇ ಆಗುತ್ತದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕಂದರೆ ಬಿಡಿಭಾಗ ಮಾರುವವರ ಜಾಹೀರಾತು ಓದಿದರೆ ಹಿತ್ತಾಳೆ ಹಚ್ಚದ ಹಡಗು ಹಡಗೇ ಅಲ್ಲ ಅನ್ನಿಸಿಬಿಡುತ್ತದೆ. ನಾನು ಕಿಟ್ಟಿನ ಜೊತೆ ತರಿಸಿದ್ದು ಇಷ್ಟು: ಲೇತಿನಲ್ಲಿ ಕಡೆದ ಹಿತ್ತಾಳೆಯ ಫಿರಂಗಿ ನಳಿಗೆಗಳು, ಸಂಪೂರ್ಣ ಸೆಟ್ ಅಂತ ಮಾರುವ ಒಂದು ದೊಡ್ಡ ಫೋಟೋ-ಎಚ್ ಕಟ್ಟು (ತೆಳ್ಳನೆ ಹಿತ್ತಾಳೆ ತಗಡನ್ನು ಆಸಿಡ್ಡಿನಲ್ಲಿ ಕೊರೆದು ಮಾಡಿದ ಭಾಗಗಳು), ಮತ್ತೆ ಅಂಟಿಸುವ ಮರದ ಡೆಕ್ಕು. ಕಿಟ್ಟಿಗಿಂತ ಇವುಗಳ ಬಿಲ್ಲೇ ಜಾಸ್ತಿ, ಮೇಲೆ ಕಸ್ಟಮ್ಸ್ ಸುಂಕ ಬೇರೆ. ಅದರಲ್ಲಿ ಅರ್ಧ ರೊಕ್ಕ ಸಾರ್ಥಕ. ಯಾವ ಅರ್ಧ ಅನ್ನುವುದೇ ಈ ಬರಹ.

ನಾನು ಕಲಬುರಗಿಯಲ್ಲಿ ಹಲ್ಲಿನ ಲ್ಯಾಬು ನಡೆಸುವವಳು. ಡಾಕ್ಟರುಗಳು ಕಳಿಸಿದ ಅಳತೆಗೆ ಕ್ಯಾಪು, ಬ್ರಿಜ್ಜು, ಹಲ್ಲಿನ ಸೆಟ್ಟು ಮಾಡಿಕೊಡುವುದು ಹೊಟ್ಟೆಪಾಡು. ಕಣ್ಣಿಗೆ ಲೂಪು (ಭೂತಗನ್ನಡಿ), ಕೈಗೆ ಮೈಕ್ರೋಮೋಟರು, ಚೂಪು ಚಿಮಟ ಮೊದಲೇ ಇದ್ದವು. ಹಾಗಾಗಿ ಮುಂದೆ ನಾನು ಸುಲಭ ಅಂದದ್ದು ಎಲ್ಲರಿಗೂ ಸುಲಭ ಅಂತಲ್ಲ. ಕಷ್ಟ ಅಂದದ್ದು ಮಾತ್ರ ಖಂಡಿತ ಕಷ್ಟ.

ಮೊದಲು ಕಿಟ್ಟು. ಇದು 2011ರಲ್ಲಿ ಟಮಿಯಾ ಹೊಸದಾಗಿ ಅಚ್ಚು ಹಾಕಿಸಿದ್ದು, ನಂಬರು 78025. ಇದೇ ಅಳತೆಯ ಹಳೆಯ ಅಚ್ಚಿನ ಯಮಾಟೊ ಕೂಡ ಅಲ್ಲಲ್ಲಿ ಮಾರಾಟಕ್ಕೆ ಬರುತ್ತದೆ. ಬಿಡಿಭಾಗ ಕೊಳ್ಳುವಾಗ ಈ ನಂಬರು ನೋಡದೆ ರೊಕ್ಕ ಕೊಡಬೇಡಿ, ಒಂದಕ್ಕೆ ಕತ್ತರಿಸಿದ ಡೆಕ್ಕು ಇನ್ನೊಂದಕ್ಕೆ ಕೂರುವುದಿಲ್ಲ. ನಿಜವಾದ ಹಡಗು 263 ಮೀಟರ್, ಮಾಡೆಲ್ಲು 75 ಸೆಂ.ಮೀ. ಭಾಗಗಳು ಅಂಟು ಹಾಕುವ ಮೊದಲೇ ಒಂದರೊಳಗೊಂದು ಕೂತು ನಿಲ್ಲುತ್ತವೆ. ದಿನವಿಡೀ ಕ್ಯಾಪಿನ ಅಂಚು ಸರಿಯಾಗಿ ಕೂತಿದೆಯೋ ಇಲ್ಲವೋ ನೋಡುವವಳು ನಾನು, ಇಂಥ ಅಚ್ಚಿನ ಕೆಲಸ ಕಂಡರೆ ಸುಮ್ಮನೆ ಖುಷಿಯಾಗುತ್ತದೆ.

ಇನ್ನೊಂದು ಸಂಗತಿ ಗಮನಿಸಬೇಕು. ಈ ಕಿಟ್ಟು ತೋರಿಸುವುದು ಯಮಾಟೊದ ಕೊನೆಯ ರೂಪ, 1945ರ ಏಪ್ರಿಲ್ 7ರಂದು ಓಕಿನಾವಾ ಕಡೆ ಹೊರಟು ಅಮೆರಿಕದ ವಿಮಾನಗಳ ಬಾಂಬು, ಟಾರ್ಪಿಡೊಗಳಿಗೆ ಸಿಕ್ಕು ಮುಳುಗಿದಾಗಿನದು. 1941ರ ಡಿಸೆಂಬರಿನಲ್ಲಿ ಸೇವೆಗೆ ಸೇರಿದಾಗ ನಡುಭಾಗದಲ್ಲಿ ಎಡಕ್ಕೊಂದು ಬಲಕ್ಕೊಂದು 15.5 ಸೆಂ.ಮೀ. ಫಿರಂಗಿಗಳ ಟರೆಟ್, ಅಂದರೆ ಫಿರಂಗಿ ಹೊತ್ತು ತಿರುಗುವ ಗೂಡು, ಇದ್ದವು. 1944ರಲ್ಲಿ ಅವೆರಡನ್ನೂ ಕಿತ್ತು, ಆ ಜಾಗದಲ್ಲೆಲ್ಲ ವಿಮಾನ ಹೊಡೆಯುವ ಗನ್ನುಗಳನ್ನು ತುಂಬಿದರು. ಕೊನೆಕೊನೆಗೆ 25 ಮಿ.ಮೀ. ನಳಿಗೆಗಳೇ 150ರ ಆಸುಪಾಸು. ಮಾಡೆಲ್ ಕಟ್ಟುವವರ ಕಣ್ಣು, ಬೆರಳು, ತಾಳ್ಮೆ ಮೂರೂ ಸವೆಯುವುದು ಈ ನಳಿಗೆಗಳಲ್ಲೇ.

ಈಗ ದೊಡ್ಡ ನಳಿಗೆ. ಯಮಾಟೊದ 46 ಸೆಂ.ಮೀ. ಫಿರಂಗಿ ಯುದ್ಧನೌಕೆಗೆ ಹೂಡಿದ ಫಿರಂಗಿಗಳಲ್ಲೆಲ್ಲ ದೊಡ್ಡದು, ಮೂರು ಟರೆಟ್ಟಿನಲ್ಲಿ ಮೂರು ಮೂರು. ಒಂದು ಗುಂಡಿನ ತೂಕ 1,460 ಕಿಲೊ. ಅಳತೆಗೆ ಇಳಿಸಿದರೆ ಬಾಯಿಯ ತೂತು 1.3 ಮಿ.ಮೀ. ಬರುತ್ತದೆ. ಪೋಲೆಂಡಿನ ಮಾಸ್ಟರ್ ಮಾಡೆಲ್ ಕಂಪನಿಯವರು ಕಡೆದ ಹಿತ್ತಾಳೆ ನಳಿಗೆಗಳನ್ನು ಲೂಪಿನ ಕೆಳಗೆ ಹಿಡಿದು ನೋಡಿದೆ. ಬುಡದಿಂದ ತುದಿಗೆ ಸಪೂರಾಗುತ್ತ ಹೋಗುವ ಇಳಿಜಾರು ಎಲ್ಲೂ ಮುಕ್ಕಾಗಿಲ್ಲ, ತೂತು ನಟ್ಟನಡುವೆ ಇದೆ, ಬಾಯಿಯ ಅಂಚು ತೆಳ್ಳಗಿದೆ. ಪ್ಲಾಸ್ಟಿಕ್ ನಳಿಗೆ ಕೆಟ್ಟದ್ದಂತಲ್ಲ, ಆದರೆ ಇದನ್ನು ಪಕ್ಕಕ್ಕಿಟ್ಟ ಮೇಲೆ ಅದರ ಕಡೆ ನೋಡಲು ಮನಸ್ಸು ಬರುವುದಿಲ್ಲ. ಹಡಗು ನೋಡಲು ಬಂದವರು ಮೊದಲು ಬೆರಳು ತೋರಿಸುವುದೂ ಇವಕ್ಕೇ. ಹಾಕುವುದಂತೂ ಮಕ್ಕಳ ಕೆಲಸ.

ಹಿತ್ತಾಳೆಗೆ ಬಣ್ಣ ನೇರವಾಗಿ ಹಚ್ಚಿದರೆ ಉಗುರು ತಾಗಿದಲ್ಲಿ ಕಿತ್ತು ಬರುತ್ತದೆ. ಲೋಹಕ್ಕೆಂದೇ ಇರುವ ಪ್ರೈಮರು ಬೇಕು. ನಾನು ಅದಕ್ಕೂ ಮೊದಲು ಲ್ಯಾಬಿನ ಸ್ಯಾಂಡ್‌ಬ್ಲಾಸ್ಟರಿನಲ್ಲಿ ಸಣ್ಣ ಅಲ್ಯುಮಿನಿಯಂ ಆಕ್ಸೈಡ್ ಪುಡಿಯನ್ನು ಕಡಿಮೆ ಒತ್ತಡಕ್ಕೆ ಇಟ್ಟು ಒಂದು ಸಲ ಊದಿಸಿದೆ. ಹೊಳಪು ಹೋಗಿ ಮಂಕಾದರೆ ಸಾಕು, ಬಣ್ಣ ಕಚ್ಚಿಕೊಳ್ಳುತ್ತದೆ. ಈ ಸೌಲಭ್ಯ ಇಲ್ಲದವರು ಸ್ಪಿರಿಟ್ಟಿನಲ್ಲಿ ಒರೆಸಿ ಪ್ರೈಮರು ಹೊಡೆದರೂ ನಡೆಯುತ್ತದೆ.

ಎರಡನೆಯ ಸಾರ್ಥಕ ಖರ್ಚು ರೇಲಿಂಗು. ಇದಕ್ಕೊಂದು ಲೆಕ್ಕವಿದೆ. ಅಚ್ಚಿನಲ್ಲಿ ಪ್ಲಾಸ್ಟಿಕ್ಕನ್ನು ಅರ್ಧ ಮಿ.ಮೀ.ಗಿಂತ ತೆಳ್ಳಗೆ ಎಳೆಯುವುದು ಕಷ್ಟ. ಆ ಅರ್ಧ ಮಿ.ಮೀ.ಯನ್ನು 350ರಿಂದ ಗುಣಿಸಿ: 175 ಮಿ.ಮೀ. ಅಂದರೆ ನಮ್ಮ ಕಡೆ ಬೋರಿಗೆ ಇಳಿಸುವ ಕೇಸಿಂಗ್ ಪೈಪಿನಷ್ಟು ದಪ್ಪದ ಕಂಬಗಳನ್ನು ಹಡಗಿನ ಅಂಚಿಗೆ ಸಾಲಾಗಿ ನೆಟ್ಟ ಹಾಗೆ. 0.1 ಮಿ.ಮೀ. ಹಿತ್ತಾಳೆ ತಗಡನ್ನು ಆಸಿಡ್ಡಿನಲ್ಲಿ ಕೊರೆದು ಮಾಡಿದ ರೇಲಿಂಗು ಇದೇ ಲೆಕ್ಕದಲ್ಲಿ 35 ಮಿ.ಮೀ. ಆಗುತ್ತದೆ, ಕಣ್ಣು ಒಪ್ಪುತ್ತದೆ. ಯಾವ ಬಿಡಿಭಾಗಕ್ಕೆ ರೊಕ್ಕ ಕೊಡಬೇಕು ಅನ್ನುವ ನನ್ನ ತೀರ್ಮಾನವೆಲ್ಲ ಈ ಗುಣಾಕಾರದ ಮೇಲೇ ನಿಂತಿದೆ. ಪ್ಲಾಸ್ಟಿಕ್ಕು ತೆಳ್ಳಗಾಗಲಾರದ ಕಡೆ ಹಿತ್ತಾಳೆ ಬೇಕು, ಮಿಕ್ಕ ಕಡೆ ಬೇಡ.

ರೇಲಿಂಗಿನಲ್ಲಿ ಎರಡು ಥರ. ಕೆಳಗೊಂದು ಉದ್ದನೆ ಪಟ್ಟಿ ಇರುವುದು, ಕಂಬಕ್ಕೊಂದೊಂದೇ ಕಾಲು ಇರುವುದು. ಪಟ್ಟಿ ಇರುವುದಕ್ಕೆ ಅಂಟು ಹಚ್ಚುವುದು ಹಗುರ, ನೋಡಲು ಮಾತ್ರ ಡೆಕ್ಕಿನ ಸುತ್ತ ಒಂದು ಕಟ್ಟೆ ಕಟ್ಟಿದ ಹಾಗಿರುತ್ತದೆ. ಕಾಲಿನದು ಚೆಂದ. ಯಮಾಟೊದಲ್ಲಿ ಒಂದು ತೊಡಕೆಂದರೆ ಮೂತಿಯಿಂದ ಮೊದಲನೇ ಟರೆಟ್ಟಿನ ಕಡೆಗೆ ಡೆಕ್ಕು ಇಳಿಜಾರಾಗಿ ಇಳಿಯುತ್ತದೆ. ನೆಟ್ಟಗಿನ ರೇಲಿಂಗ್ ಪಟ್ಟಿಯನ್ನು ಅಲ್ಲಿ ಒಂದೇ ಉದ್ದಕ್ಕೆ ಕೂರಿಸಲು ಹೋದರೆ ನಡುವೆ ಸುಕ್ಕು ಬರುತ್ತದೆ. ಸಣ್ಣ ಸಣ್ಣ ತುಂಡು ಮಾಡಿ, ಕಂಬದ ಹತ್ತಿರವೇ ಕತ್ತರಿಸಿ, ಕಂಬಕ್ಕೆ ಕಂಬ ಜೋಡಿಸುತ್ತ ಬರಬೇಕು.

ರೇಡಾರು, ಕ್ಯಾಟಪಲ್ಟು (ಹಡಗಿನ ಮೇಲಿಂದ ವಿಮಾನ ಚಿಮ್ಮಿಸುವ ಚೌಕಟ್ಟು), ಹಿಂಬದಿಯ ಕ್ರೇನು ಈ ಜಾತಿಯವೇ. ಗೋಪುರದ ತಲೆಯ ಮೇಲೆ 15 ಮೀಟರ್ ಉದ್ದದ ದೂರಮಾಪಕ ಇದೆ, ಮಾಡೆಲ್ಲಿನಲ್ಲಿ 43 ಮಿ.ಮೀ. ಅದರ ಮೇಲೆ ನಿಲ್ಲುವ 21ನೇ ನಮೂನೆಯ ರೇಡಾರು ಬರೀ ಜಾಲರಿ. ಜಾಲರಿಯ ಆಚೆ ಬೆಳಕು ಕಾಣಿಸದಿದ್ದರೆ ಅದು ರೇಡಾರು ಅನ್ನಿಸುವುದೇ ಇಲ್ಲ. ಕಿಟ್ಟಿನ ಜೊತೆಗೇ ಒಂದಿಷ್ಟು ಫೋಟೋ-ಎಚ್ ಬರುತ್ತದೆ, ಡಬ್ಬಿಯಲ್ಲಿ ಏನಿದೆ ನೋಡಿಕೊಂಡು ಮಿಕ್ಕದ್ದಕ್ಕೆ ಆರ್ಡರು ಹಾಕಿ. ಮಡಚುವ ಗೆರೆ ಅರ್ಧ ಆಳಕ್ಕೆ ಕೊರೆದಿರುತ್ತದೆ, ಮಡಿಕೆ ಯಾವತ್ತೂ ಆ ಗೆರೆಯ ಕಡೆಗೇ. ಬಾಗಿಸಬೇಕಾದ ಭಾಗಗಳನ್ನು ದೀಪದ ಉರಿಯಲ್ಲಿ ಕೆಂಪಗೆ ಕಾಯಿಸಿ ಆರಿಸಿದರೆ ಹಿತ್ತಾಳೆ ಮೆತ್ತಗಾಗಿ ಹೇಳಿದ ಮಾತು ಕೇಳುತ್ತದೆ.

ಕ್ರೇನಿನ ವಿಷಯದಲ್ಲಿ ಮನೆಯಲ್ಲಿ ಒಂದು ಪರೀಕ್ಷೆ ನಡೆಯಿತು. ಮಾವನವರು ವಾಡಿಯ ಸಿಮೆಂಟ್ ಕಾರ್ಖಾನೆಯಲ್ಲಿ ಫಿಟರ್ ಆಗಿದ್ದವರು. ರೇಲಿಂಗು, ನಳಿಗೆ, ರೇಡಾರು ಯಾವುದನ್ನೂ ಮೂಸಿ ನೋಡದವರು ಕ್ರೇನಿನ ಮುಂದೆ ಕನ್ನಡಕ ಏರಿಸಿ ಕೂತರು.

"ಚಲೋ ಮಾಡೀಯವ್ವಾ. ರೋಪ್ ಎಲ್ಲದ?"

"ಇನ್ನಾ ಹಾಕಿಲ್ರಿ ಮಾವ, ಕಿಟ್ಟಿನ್ಯಾಗ ಅದು ಬರಂಗಿಲ್ಲ."

"ರೋಪ್ ಇಲ್ದ ಕ್ರೇನ್ ಏನ್ ಎತ್ತತದ? ಇಮಾನ ಎತ್ತೂದಂತಿ, ಹುಕ್ ಸೈತ ಜೋತಾಡಂಗಿಲ್ಲ."

ಹಾಗಾಗಿ ಕ್ರೇನಿಗೂ ಎಲಾಸ್ಟಿಕ್ ದಾರ ಬಂತು. ಹಡಗಿನ ಮಾಡೆಲ್ಲಿಗೆಂದೇ ಸಪೂರ ಎಲಾಸ್ಟಿಕ್ ದಾರ ಸಿಗುತ್ತದೆ. ಕಂಬಕ್ಕೆ ಕಟ್ಟಿದ ಮೇಲೆ ಅಕಸ್ಮಾತ್ ಬೆರಳು ತಾಗಿದರೂ ಕಿತ್ತುಬರದೆ ಹಿಗ್ಗಿ ವಾಪಸು ಬರುತ್ತದೆ. ಬೆಲೆ ಕಡಿಮೆ, ಗುಣ ಜಾಸ್ತಿ. ಎಲ್ಲ ಸಾಮಾನಿನಲ್ಲಿ ಇದಕ್ಕೇ ನನ್ನ ಪೂರ್ತಿ ಅಂಕ.

25 ಮಿ.ಮೀ. ಗನ್ನುಗಳ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು. ದೊಡ್ಡ ಸೆಟ್ಟಿನವರು ಒಂದೊಂದು ತ್ರಿವಳಿ ಗನ್ನನ್ನೂ ಚೂರುಗಳಿಂದ ಕಟ್ಟಿ ಅನ್ನುತ್ತಾರೆ. ತಳದ ತಟ್ಟೆ, ಮಡಚಿ ನಿಲ್ಲಿಸುವ ಎರಡು ಕಿವಿ, ಮೂರು ನಳಿಗೆ, ಮೇಲಿನ ಮ್ಯಾಗಜಿನ್ನು, ಗುರಿ ಹಿಡಿಯುವ ಬಳೆ, ಸಿಪಾಯಿ ಕೂರುವ ಸೀಟು. ಎಲ್ಲ ಸೇರಿದ ಮೇಲೆ ಉದ್ದ 7-8 ಮಿ.ಮೀ. ಸೀಟನ್ನು ಚಿಮಟದಲ್ಲಿ ಹಿಡಿದು ಉಸಿರು ಬಿಗಿಹಿಡಿಯಬೇಕು, ಬಿಟ್ಟರೆ ಹಾರಿಹೋಗುತ್ತದೆ. ನಮ್ಮ ಮನೆಯದು ಶಹಾಬಾದ್ ಫರಸಿ. ಬೂದು ನೆಲದ ಮೇಲೆ ಬೂದು ಪ್ಲಾಸ್ಟಿಕ್ ಬಿದ್ದರೆ ದೇವರೇ ಗತಿ, ಹಿತ್ತಾಳೆ ಮಾತ್ರ ಮೊಬೈಲ್ ಟಾರ್ಚನ್ನು ನೆಲಕ್ಕೆ ಅಡ್ಡ ಹಿಡಿದರೆ ಮಿಂಚಿ ಸಿಕ್ಕಿಬೀಳುತ್ತದೆ. ಮೇಜಿನ ಕೆಳಗೆ ಬಿಳಿ ಬೆಡ್‌ಶೀಟು ಹಾಸಿಕೊಂಡು ಕೂರುವುದು ಇನ್ನೂ ಒಳ್ಳೆಯದು.

ಇಷ್ಟೆಲ್ಲ ಬೇಕೇ ಅಂದರೆ, ಎಲ್ಲಾ ಗನ್ನಿಗೂ ಬೇಡ. ಯಮಾಟೊದಲ್ಲಿ ಈ ಗನ್ನುಗಳು ಎರಡು ಬಗೆ. ಕೆಲವಕ್ಕೆ ಗುಮ್ಮಟದಂಥ ಮುಚ್ಚಳವಿದೆ. 46 ಸೆಂ.ಮೀ. ಫಿರಂಗಿ ಹಾರಿಸಿದಾಗಿನ ಗಾಳಿಯ ಹೊಡೆತಕ್ಕೆ ಬಯಲಲ್ಲಿ ನಿಂತ ಗನ್ನಿನವರು ಉಳಿಯುತ್ತಿರಲಿಲ್ಲ, ಅದಕ್ಕೇ ಆ ಮುಚ್ಚಳ. ಇಂಥವಕ್ಕೆ ಹೊರಗೆ ಇಣುಕುವ ನಳಿಗೆಯಷ್ಟು ಬದಲಿಸಿದರೆ ಸಾಕು, ಒಳಗೇನಿದೆ ಯಾರಿಗೂ ಕಾಣದು. ಆಮೇಲಾಮೇಲೆ ತುಂಬಿದ ತೆರೆದ ಗನ್ನುಗಳಲ್ಲಿ ಅಂಚಿಗಿರುವ, ಮೇಲಿನಿಂದ ನೇರ ಕಣ್ಣಿಗೆ ಬೀಳುವವನ್ನು ಮಾತ್ರ ಹಿತ್ತಾಳೆಯಲ್ಲಿ ಕಟ್ಟಿದೆ. ಉಳಿದವು ಕಿಟ್ಟಿನ ಪ್ಲಾಸ್ಟಿಕ್ಕೇ. ಯಾವುದು ಯಾವುದು ಅಂತ ಇವತ್ತಿನವರೆಗೆ ಯಾರೂ ಗುರುತಿಸಿಲ್ಲ.

ದೊಡ್ಡ ಸೆಟ್ಟಿನ ಮೇಲಿನ ನನ್ನ ಸಿಟ್ಟು ಇನ್ನೂ ಇದೆ. ಕಂಪನಿಯ ಹೆಸರು ಬೇಡ. ಹಾಳೆಗಟ್ಟಲೆ ಹಿತ್ತಾಳೆ ಕೊಡುತ್ತಾರೆ, ಅದರಲ್ಲಿ ಬಾಗಿಲು, ಕಿಟಕಿಯ ರೆಪ್ಪೆ, ಗಾಳಿಗೂಡಿನ ಮುಚ್ಚಳ, ಎಲ್ಲ ಟಮಿಯಾದವರು ಪ್ಲಾಸ್ಟಿಕ್ಕಿನಲ್ಲೇ ಚೊಕ್ಕವಾಗಿ ಮೂಡಿಸಿದವು. ಇವನ್ನು ಹಚ್ಚಬೇಕೆಂದರೆ ಅವನ್ನು ಕೆತ್ತಿ ತೆಗೆಯಬೇಕು. ದಪ್ಪ ಇರಬೇಕಾದ ಬಾಗಿಲು ತಗಡಾಗಿ ಚಪ್ಪಟೆಯಾಗುತ್ತದೆ, ಇದೆಂಥ ಉಪಕಾರ? ಸೂಚನೆಯ ಹಾಳೆಯಲ್ಲಿ ಚಿತ್ರಗಳು ಲೂಪು ಹಾಕಿದರೂ ಅರ್ಥವಾಗದಷ್ಟು ಸಣ್ಣವು, ಎರಡು ಕಡೆ ಭಾಗದ ನಂಬರೇ ಅದಲು ಬದಲು. ಬರೆದು ಕೇಳಿದ್ದಕ್ಕೆ ಉತ್ತರವಿಲ್ಲ. ರೇಲಿಂಗು, ಏಣಿ, ರೇಡಾರು ಬಿಡಿಯಾಗಿ ಸಿಗುವಾಗ ಈ ಕಟ್ಟಿನ ಗೊಡವೆ ಬೇಡ.

ಮರದ ಡೆಕ್ಕಿನ ಬಗ್ಗೆ ಜಗಳವೇ ಇದೆ. ಫೋಟೋದಲ್ಲಿ ಅದರಷ್ಟು ಚೆಂದ ಕಾಣುವುದು ಇನ್ನೊಂದಿಲ್ಲ, ಒಪ್ಪುತ್ತೇನೆ. ಹತ್ತಿರದಿಂದ ನೋಡಿ. ಹಲಗೆಯ ಗೆರೆ ಅಳತೆಗೆ ಇಳಿದಿದೆ, ಮರದ ನರ ಇಳಿದಿಲ್ಲ. 350 ಪಟ್ಟು ಹಿಗ್ಗಿಸಿದರೆ ಆ ನರ ಒಂದೊಂದೂ ಮೊಳದಗಲ. ಮೇಲೆ ಡೆಕ್ಕಿನ ದಪ್ಪ ಸೇರಿ ಸುತ್ತಲಿನ ಸಣ್ಣ ಸಾಮಾನೆಲ್ಲ ಅರ್ಧ ಹೂತ ಹಾಗೆ ಕುಳ್ಳಾಗುತ್ತದೆ. ನಮ್ಮ ಊರಿನ ಹವೆಯೂ ಇದಕ್ಕೆ ಆಗಿಬರುವುದಿಲ್ಲ. ಮೇ ತಿಂಗಳಲ್ಲಿ 42 ಡಿಗ್ರಿ ದಾಟಿ ಒಣಗಿಸಿ ಸುಡುತ್ತದೆ, ಜುಲೈಗೆ ತೇವ. ನನ್ನ ಡೆಕ್ಕು ಎರಡನೇ ಟರೆಟ್ಟಿನ ಸುತ್ತ ಅಂಚು ಬಿಟ್ಟುಕೊಂಡಿತು. ಕಿತ್ತು ತೆಗೆದು, ಪ್ಲಾಸ್ಟಿಕ್ ಡೆಕ್ಕಿಗೇ ಟಮಿಯಾದ ಎಕ್ಸ್‌ಎಫ್-78 (ಮರದ ಡೆಕ್ಕಿನ ಬಣ್ಣ) ಹೊಡೆದು, ಅಲ್ಲೊಂದು ಇಲ್ಲೊಂದು ಹಲಗೆಗೆ ಟೇಪು ಹಚ್ಚಿ ಸ್ವಲ್ಪ ಬಿಳಿ, ಸ್ವಲ್ಪ ಕಂದು ಬೆರೆಸಿದ ಅದೇ ಬಣ್ಣ ಊದಿದೆ. ಈಗಿನದೇ ಹೆಚ್ಚು ಹಡಗಿನ ಡೆಕ್ಕಿನಂತಿದೆ.

ಬೇಸಿಗೆಯಲ್ಲಿ ಬಣ್ಣ ಹೊಡೆಯುವವರಿಗೆ ಒಂದು ಮಾತು. ಮಧ್ಯಾಹ್ನ ಏರ್‌ಬ್ರಷ್ ಹಿಡಿದರೆ ಅಕ್ರಿಲಿಕ್ ಬಣ್ಣ ಸೂಜಿಯ ತುದಿಯಲ್ಲೇ ಒಣಗಿ ಉಗುಳುತ್ತದೆ. ಬೆಳಗ್ಗೆ ಆರರೊಳಗೆ ಮುಗಿಸಿ, ಒಣಗುವುದನ್ನು ತಡಮಾಡುವ ರಿಟಾರ್ಡರ್ ಬೆರೆಸಿ, ತೆಳ್ಳಗೆ ಹೊಡೆಯಿರಿ. ಮೈಗೆ ಎಕ್ಸ್‌ಎಫ್-75, ಅದು ಜಪಾನಿನ ಕುರೆ ಊರಿನ ನೌಕಾ ಕಾರ್ಖಾನೆಯ ಬೂದು ಬಣ್ಣ. ಯಮಾಟೊ ಕಟ್ಟಿದ್ದು ಅಲ್ಲೇ. ನೀರಿನ ಕೆಳಭಾಗಕ್ಕೆ ಎಕ್ಸ್‌ಎಫ್-9, ತಳದ ಕೆಂಪು. ಸೂಪರ್ ಗ್ಲೂ ಗಟ್ಟಿಯಾಗುವುದು ಗಾಳಿಯ ತೇವದಿಂದ, ಒಣ ಬೇಸಿಗೆಯಲ್ಲಿ ಅದು ಸೋಮಾರಿ. ಮಳೆಗಾಲದಲ್ಲಿ ಬೇಗ ಹಿಡಿಯುತ್ತದೆ, ಆದರೆ ಸುತ್ತ ಬಿಳಿ ಮಂಜು ಕೂರಿಸುತ್ತದೆ. ಹಾಗಾಗಿ ದೊಡ್ಡ ಫೋಟೋ-ಎಚ್ ಭಾಗಗಳಿಗೆ ನಾನು ಬೆಸುಗೆಯನ್ನೇ ನಂಬಿದ್ದು.

ವಿವರಗಳ ಬಗ್ಗೆ ಅತಿಯಾಗಿ ತಲೆ ಕೆಡಿಸಿಕೊಳ್ಳುವವರಿಗೂ ಹೇಳುವುದಿದೆ. ಯಮಾಟೊವನ್ನು ಗುಟ್ಟಾಗಿ ಕಟ್ಟಿದರು, ಯುದ್ಧ ಮುಗಿಯುವಾಗ ದಾಖಲೆಗಳನ್ನು ಸುಟ್ಟರು, ಉಳಿದ ಫೋಟೋ ಬೆರಳೆಣಿಕೆ. 1985ರಲ್ಲಿ ಸಮುದ್ರದ ತಳದಲ್ಲಿ ಅವಶೇಷ ಸಿಕ್ಕ ಮೇಲೆ ಕೆಲವು ವಿವರ ತಿದ್ದುಪಡಿಯಾದವು. ಕುರೆಯ ಮ್ಯೂಸಿಯಮ್ಮಿನಲ್ಲಿ 1/10 ಅಳತೆಯ, 26.3 ಮೀಟರ್ ಉದ್ದದ ಮಾಡೆಲ್ಲಿದೆ, ಅದರ ಫೋಟೋಗಳು ಬೇಕಾದಷ್ಟು ಸಿಗುತ್ತವೆ, ನನಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದೂ ಅವೇ. ಬಿಡಿಭಾಗದ ಕಂಪನಿಯವರು ನಮ್ಮದೇ ನಿಖರ ಅಂದರೆ ನಕ್ಕು ಮುಂದೆ ಹೋಗಿ.

ಇನ್ನು ಗಾಜಿನ ಪೆಟ್ಟಿಗೆ. ಹಿತ್ತಾಳೆ ರೇಲಿಂಗು ಹಚ್ಚಿದ ಹಡಗಿನ ಧೂಳು ಒರೆಸಲು ಬರುವುದಿಲ್ಲ, ಬಟ್ಟೆ ತಾಗಿತೆಂದರೆ ರೇಲಿಂಗು ಬಟ್ಟೆಯ ಜೊತೆಗೇ ಬರುತ್ತದೆ. ಕಲಬುರಗಿಯ ಧೂಳಿನ ಬಗ್ಗೆ ನಾನು ಹೇಳಬೇಕಾಗಿಲ್ಲ. ಆನ್‌ಲೈನಿನಲ್ಲಿ ಅಕ್ರಿಲಿಕ್ ಪೆಟ್ಟಿಗೆಗೆ ಕೇಳುವ ಬೆಲೆಗೆ ತಲೆ ತಿರುಗುತ್ತದೆ. ಅಂಗಡಿಗಳಿಗೆ ಅಲ್ಯುಮಿನಿಯಂ ಪಾರ್ಟಿಷನ್, ಶೋಕೇಸ್ ಮಾಡುವವರ ಹತ್ತಿರ ಹೋಗಿ ಒಳಗಿನ ಉದ್ದ 90 ಸೆಂ.ಮೀ. ಹೇಳಿ ಮಾಡಿಸಿ. ಸರಿಯುವ ಬಾಗಿಲು ಇಡುತ್ತೇವೆ ಅನ್ನುತ್ತಾರೆ, ಬೇಡ ಅನ್ನಿ, ಆ ಸಂದಿಯಲ್ಲೇ ಧೂಳು ನುಗ್ಗುತ್ತದೆ. ಮೇಲಿನಿಂದ ಪೂರ್ತಿ ಎತ್ತಿ ಇಡುವ ಹಾಗೆ, ಕೆಳಗೆ ಸುತ್ತಲೂ ರಬ್ಬರು ಬೀಡಿಂಗ್ ಕೊಡಿಸಿ. ಈ ರೊಕ್ಕವನ್ನು ಮೊದಲೇ ತೆಗೆದಿಟ್ಟು, ಉಳಿದದ್ದರಲ್ಲಿ ನಳಿಗೆ ತರಿಸಿ, ಆಮೇಲೆ ರೇಲಿಂಗು.